ಗ್ರಾಂ ಮೇಷ್ಟ್ರಿಗೆ ಸಿಕ್ಕ ಹಾಸಿಗೆ

ಮನುಷ್ಯನನ್ನು ಬದುಕಿಸುತ್ತೇವೆ ಎಂದು ದುಡ್ಡು ಕೇಳಿದರೆ ನಮ್ಮ ಜನ ತಕ್ಷಣ ಜೇಬಿಗೆ ಕೈ ಹಾಕುತ್ತಾರೆ. ನೆಮ್ಮದಿಯಾಗಿ ಸಾಯಲು ಒಂದು ಹಾಸಿಗೆ ಬೇಕಿತ್ತು ಎಂದು ಕೇಳಿ ನೋಡಿ, ಅದೇ ಜನ ಬಾಗಿಲ ಹತ್ತಿರ ಚಪ್ಪಲಿ ಹುಡುಕತೊಡಗುತ್ತಾರೆ. ಈ ಸತ್ಯ ಗ್ರಾಂ ಮೇಷ್ಟ್ರಿಗೆ ಗೊತ್ತಾದದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅದನ್ನು ಬಳಸಿಕೊಳ್ಳಲು ಹೆಚ್ಚು ದಿನ ಉಳಿದಿಲ್ಲದಾಗ.

ಮೇಷ್ಟ್ರು ಎಂದರೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮೂವತ್ತನಾಲ್ಕು ವರ್ಷ ತಕ್ಕಡಿ ರಿಪೇರಿ ಮಾಡಿದವರು. ಮೊದಲು ತಟ್ಟೆ ತಕ್ಕಡಿ, ಆಮೇಲೆ ಮುಳ್ಳಿನದು, ಕೊನೆಗೆ ಕೆಂಪು ಅಂಕಿ ಮಿನುಗುವ ವಿದ್ಯುತ್ ತಕ್ಕಡಿ. ಅಂಗಡಿಯವರು ಬಂದು ದನಿ ತಗ್ಗಿಸಿ, "ಒಂದಿಪ್ಪತ್ತು ಗ್ರಾಂ ಆಚೀಚೆ ಮಾಡಿಕೊಡಿ" ಎನ್ನುತ್ತಿದ್ದರು. ಇವರು ಬೀದಿಗೆಲ್ಲ ಕೇಳುವಂತೆ, "ಆಗಲಿ, ಗಿರಾಕಿ ಕಡೆಗೆ ಮಾಡ್ಲಾ?" ಎನ್ನುತ್ತಿದ್ದರು. ಹೀಗಾಗಿ ಹೆಸರು ಬಂತು, ವ್ಯಾಪಾರ ಹೋಯಿತು. ಅಡ್ಡಹೆಸರನ್ನು ಕುಹಕಕ್ಕೆ ಇಟ್ಟವರೇ ವರ್ಷ ಕಳೆದ ಹಾಗೆ ಅದನ್ನು ಮರ್ಯಾದೆಯಿಂದ ಕರೆಯತೊಡಗಿದರು. ಮರ್ಯಾದೆಗೆ ಖರ್ಚಿಲ್ಲವಲ್ಲ.

ಕಾಯಿಲೆ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ ಪಿತ್ತಜನಕಾಂಗಕ್ಕೆ ಹಬ್ಬಿತ್ತು. ಸ್ಕ್ಯಾನ್ ಮಾಡಿದವನು ಮುಖ ನೋಡದೆ ಲಕೋಟೆ ಚಾಚಿದಾಗಲೇ ಮೇಷ್ಟ್ರಿಗೆ ಅರ್ಥವಾಗಿತ್ತು. ಅರ್ಥವಾಗದಿದ್ದದ್ದು ಉಳಿದವರಿಗೆ. ಎಲ್ಲರಿಗಿಂತ ಹೆಚ್ಚಾಗಿ ಹೆಂಡತಿಯ ತಮ್ಮನಿಗೆ. ಆತನಿಗೆ ಸೋಫಾ, ಮಂಚಗಳ ದೊಡ್ಡ ಶೋರೂಮಿತ್ತು. ಹಾಗಾಗಿ ಅಕ್ಕನ ಮನೆಯಲ್ಲೂ ಅವನಿಗೆ ಶೋರೂಮ್ ಎಂದೇ ಹೆಸರು. ಆತ ಭಾವನನ್ನು ಊರಿನ ಅತಿ ದುಬಾರಿ ಆಸ್ಪತ್ರೆಗೆ ಸೇರಿಸಿದ, ಎರಡು ವಾರ ಕಳೆದ ಮೇಲೆ ಜನರಲ್ ವಾರ್ಡ್ ಬಿಡಿಸಿ ಸ್ಪೆಷಲ್ ವಾರ್ಡಿಗೆ ಹಾಕಿಸಿದ, ಬಿಲ್ ಕಟ್ಟಿದ, ಕಟ್ಟಿದೆನೆಂದು ಗಿರಾಕಿಗಳಿಗೆಲ್ಲ ಹೇಳಿದ. ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿಗೂ ರಸೀದಿ ಬೇಕು ಎನ್ನುವ ಜಾತಿಯ ಮನುಷ್ಯ, ಅಷ್ಟೆ.

ಸ್ಪೆಷಲ್ ವಾರ್ಡಿನಲ್ಲಿ ಎಲ್ಲವೂ ಇತ್ತು. ಗೋಡೆಗೆ ಟಿವಿ, ಕಿಟಕಿಗೆ ದಪ್ಪ ಪರದೆ, ಗುಂಡಿ ಒತ್ತಿದರೆ ಏಳುವ ಮಂಚ. ನೋವಿಗೆ ಔಷಧಿ ಮಾತ್ರ ಇರಲಿಲ್ಲ. ಇತ್ತು, ಆದರೆ ತಲೆನೋವಿಗೆ ಕೊಡುವಷ್ಟು. ಬೆನ್ನ ಹಿಂದಿನಿಂದ ಹೊಟ್ಟೆಯವರೆಗೆ ಯಾರೋ ಹಗ್ಗ ಬಿಗಿದು ಹಿಂಡುತ್ತಿದ್ದಾರೆ ಎಂದು ಮೇಷ್ಟ್ರು ಹಲ್ಲು ಕಚ್ಚಿದರೆ, ವಾರ್ಡಿನ ಕಿರಿಯ ಡಾಕ್ಟರು, "ಮಾರ್ಫಿನ್ ಈಗಲೇ ಬೇಡ ಅಂಕಲ್, ಅಭ್ಯಾಸ ಆಗ್ಬಿಡತ್ತೆ" ಎಂದ.

"ಎಷ್ಟು ವರ್ಷದಲ್ಲಿ ಆಗತ್ತಪ್ಪ ಅಭ್ಯಾಸ?" ಎಂದು ಕೇಳಿದರು ಮೇಷ್ಟ್ರು.

ಹುಡುಗ ಚಾರ್ಟ್ ಓದುವವನಂತೆ ತಲೆ ಬಗ್ಗಿಸಿದ. ಅವನನ್ನು ಬೈದು ಪ್ರಯೋಜನವಿಲ್ಲ. ಸಾಯುವವನಿಗೆ ಚಟ ಹತ್ತೀತೆಂದು ಹೆದರುವ ಬುದ್ಧಿವಂತಿಕೆಯನ್ನು ಅವನು ಸ್ವಂತವಾಗಿ ಕಂಡುಹಿಡಿದದ್ದಲ್ಲ, ಹಿರಿಯರಿಂದ ಕಲಿತದ್ದು.

ಹಾಸ್ಪೈಸ್ ಎಂಬುದೊಂದಿದೆ ಎಂದು ಮೇಷ್ಟ್ರ ಹೆಂಡತಿಗೆ ಹೇಳಿದ್ದು ಡಾಕ್ಟರಲ್ಲ, ನರ್ಸಲ್ಲ, ಸ್ವಾಗತ ಕೌಂಟರಿನಲ್ಲಿ ಹಲ್ಲು ಕಿರಿಯುವ ಹುಡುಗಿಯಲ್ಲ. ನೆಲ ಒರೆಸುವಾಕೆ. ಬಕೆಟ್ ಕೆಳಗಿಟ್ಟು, ಆಚೀಚೆ ನೋಡಿ, "ನಮ್ಮತ್ತೆ ಕೊನೆಗೆ ಅಲ್ಲೇ ಇದ್ರು ಕಣಮ್ಮ. ವಾಸಿ ಮಾಡಲ್ಲ, ಆದ್ರೆ ನೋವು ಬಿಡಿಸ್ತಾರೆ. ನಾನು ಹೇಳಿದ್ದು ಅಂತ ಹೇಳ್ಬೇಡಿ, ಕೆಲಸ ಹೋಗತ್ತೆ" ಎಂದಳು. ಇಷ್ಟು ದೊಡ್ಡ ಕಟ್ಟಡದಲ್ಲಿ ರೋಗಿಗೆ ಬೇಕಾದ ಒಂದೇ ಒಂದು ಮಾತನ್ನು ಕದ್ದು ಹೇಳಬೇಕಾಗಿ ಬಂತು.

ಎರಡು ಬಸ್ ಬದಲಿಸಿ ಹೆಂಡತಿ ಹೋಗಿ ನೋಡಿ ಬಂದಳು. ಹದಿನಾಲ್ಕು ಹಾಸಿಗೆ, ಒಂದೊಂದರ ಪಕ್ಕಕ್ಕೂ ಮನೆಯವರು ಕೂರಲು ಒಂದು ಕುರ್ಚಿ. ಯಾರೂ ಕೂಗುತ್ತಿರಲಿಲ್ಲ. ಅದೇ ಅವಳಿಗೆ ದೊಡ್ಡ ಆಶ್ಚರ್ಯ. ಅಲ್ಲಿನ ಹಿರಿಯ ಸಿಸ್ಟರ್ ಬಣ್ಣ ಹಚ್ಚದೆ ಹೇಳಿದರು: ಹಾಸಿಗೆ ಒಂದು ಖಾಲಿಯಿದೆ, ಮೂರು ದಿನ ಹಿಡಿದಿಡುತ್ತೇವೆ, ಮೂರನೆಯ ದಿನ ಸಂಜೆ ಐದಕ್ಕೆ ಬೇರೆಯವರಿಗೆ. ಮೊದಲ ತಿಂಗಳ ಖರ್ಚು ನೀವು ಕಟ್ಟಬೇಕು, ಆಮೇಲೂ ಇದ್ದರೆ ದಾನದ ಹಣದಲ್ಲಿ ನೋಡಿಕೊಳ್ಳುತ್ತೇವೆ. ಜೊತೆಗೆ, ಕಾಯಿಲೆ ಕೊನೆಯ ಹಂತದಲ್ಲಿದೆ, ಗುಣಪಡಿಸುವ ಚಿಕಿತ್ಸೆ ನಿಂತಿದೆ ಎಂದು ಆಸ್ಪತ್ರೆಯ ಮೊಹರಿರುವ ಕಾಗದ ಬೇಕು.

ಅವಳು ಅಲ್ಲಿಂದಲೇ ವಿಮೆ ಕಂಪನಿಗೆ ಫೋನು ಮಾಡಿದಳು.

"ಅಲ್ಲಿ ಯಾವ ಚಿಕಿತ್ಸೆ ಕೊಡ್ತಾರೆ ಮೇಡಂ?"

"ನೋವು ಕಳೀತಾರಂತೆ."

"ಅದು ಚಿಕಿತ್ಸೆ ಅಲ್ಲ ಮೇಡಂ, ಸೌಲಭ್ಯ. ಸೌಲಭ್ಯಕ್ಕೆ ನಮ್ಮಲ್ಲಿ ಬರಲ್ಲ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ದೊಡ್ಡ ಡಾಕ್ಟರು ಮಾರನೆಯ ಬೆಳಗ್ಗೆ ಆರು ಜನರ ಹಿಂಡಿನೊಂದಿಗೆ ಬಂದರು. ಕಾಗದ ಕೇಳಿದರೆ ಅವರಿಗೆ ಮೈಮೇಲೆ ನೀರು ಎರಚಿದಂತಾಯಿತು. "ಏನಮ್ಮ ಇದು, ಇಷ್ಟು ಬೇಗ ಕೈ ಚೆಲ್ಲಿಬಿಟ್ರೆ ಹೇಗೆ? ಚಾರ್ಟ್ ನೋಡಿ. ಬಂದ ದಿನ ಐವತ್ತೆರಡು ಕಿಲೋ, ಎರಡು ತಿಂಗಳಾಯ್ತು, ಇವತ್ತಿಗೂ ಐವತ್ತೆರಡು. ತೂಕ ಹಿಡಿದು ನಿಂತಿದೆ. ಬಹಳ ಒಳ್ಳೇ ಲಕ್ಷಣ. ಇನ್ನೆರಡು ಸುತ್ತು ಕೀಮೋ ಕೊಟ್ಟು ನೋಡೋಣ."

ಹಿಂಡು ಹೊರಟುಹೋಯಿತು. ಮೇಷ್ಟ್ರು ತಮ್ಮ ಮುಂಗೈ ಮೂಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿಕೊಂಡರು.

"ಇವಳೇ, ಬಂದ ದಿನ ತೂಗಿದ್ದು ಕೆಳಗಡೆ ಯಂತ್ರದಲ್ಲಿ ಅಲ್ವಾ?"

"ಹೌದ್ರೀ. ಇಲ್ಲಿಗೆ ಬಂದ ಮೇಲೆ ಆ ಮೂಲೇದು."

"ಅಂಗಡಿಗೆ ಹೋಗು. ಐದು ಕಿಲೋದ ಕಲ್ಲು ಎರಡು ತಗೊಂಡು ಬಾ. ಹಸಿರು ಡಬ್ಬಿಲಿರೋ ಪರೀಕ್ಷೆ ಕಲ್ಲು, ಬೇರೇದಲ್ಲ. ಸಣ್ಣ ಸ್ಕ್ರೂಡ್ರೈವರ್ ಕೂಡ."

"ಸ್ಕ್ರೂಡ್ರೈವರ್ ಯಾಕ್ರೀ?"

"ಅದಿಲ್ದೆ ನಾನು ಯಾವತ್ತಾದ್ರೂ ತಕ್ಕಡಿ ಮುಟ್ಟಿದೀನಾ?"

ಮಧ್ಯಾಹ್ನ ಗೇಟಿನ ಕಾವಲುಗಾರ ಚೀಲ ಎತ್ತಿ ನೋಡಿ ಹೌಹಾರಿದ. "ಏನಮ್ಮಾ ಇದು, ಕಬ್ಬಿಣ?" "ಅವರ ಮನಸ್ಸಿನ ಸಮಾಧಾನಕ್ಕೆ" ಎಂದಳು ಹೆಂಡತಿ. ಆಸ್ಪತ್ರೆಯಲ್ಲಿ ಆ ಮಾತಿಗೆ ಯಾವ ಬಾಗಿಲೂ ತೆರೆಯುತ್ತದೆ.

ನರ್ಸ್‌ಗಳು ಊಟಕ್ಕೆ ಹೋಗಿದ್ದ ಹೊತ್ತು. ಹತ್ತು ಕಿಲೋ ಕಲ್ಲು ಇಟ್ಟರೆ ಯಂತ್ರ ಹನ್ನೊಂದು ಎಂದಿತು. ತೆಗೆದು ಮತ್ತೆ ಇಟ್ಟರು; ಹನ್ನೊಂದು. ಅಂದರೆ ಅದು ತೋರಿಸುತ್ತಿದ್ದ ಐವತ್ತೆರಡು ನಿಜದಲ್ಲಿ ನಲವತ್ತೇಳು ಚಿಲ್ಲರೆ. ಎರಡು ತಿಂಗಳಿನಲ್ಲಿ ಮೈಯಿಂದ ಕರಗಿ ಹೋದ ಐದು ಕಿಲೋವನ್ನು ಸ್ಪೆಷಲ್ ವಾರ್ಡಿನ ಯಂತ್ರ ದಿನವೂ ಧಾರಾಳವಾಗಿ ತುಂಬಿಕೊಡುತ್ತಿತ್ತು. ಮೂವತ್ತನಾಲ್ಕು ವರ್ಷ ಕಳ್ಳ ಅಂಗಡಿಯವರನ್ನು ಕಂಡಿದ್ದ ಮೇಷ್ಟ್ರಿಗೆ ಮನುಷ್ಯನನ್ನೇ ಹೆಚ್ಚಿಗೆ ತೂಗುವ ಅಂಗಡಿ ಹೊಸದು. ನಗು ಬಂತು, ನಕ್ಕರೆ ಹೊಟ್ಟೆ ಹಿಂಡಿತು.

"ಹೋಗಿ ದೊಡ್ಡ ಡಾಕ್ಟ್ರನ್ನ ಕರ್ಕೊಂಡು ಬಾ. ಕಣ್ಣಾರೆ ನೋಡ್ಲಿ" ಎಂದರು.

ದೊಡ್ಡ ಡಾಕ್ಟರು ಬರಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ಗ್ರಾಂ ಮೇಷ್ಟ್ರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮಾಡಿದರು. ಎದುರಿಗೆ ಸುಳ್ಳು ಹೇಳುವ ತಕ್ಕಡಿ, ಕೈಯಲ್ಲಿ ಸ್ಕ್ರೂಡ್ರೈವರ್. ಸುಮ್ಮನೆ ಕೂರಲು ಅವರಿಗೆ ಬರುತ್ತಿರಲಿಲ್ಲ. ನೆಲದ ಮೇಲೆ ಕೂತು, ನಡುವೆ ಎರಡು ಸಲ ಉಸಿರು ಕಟ್ಟಿ ಗೋಡೆಗೆ ಒರಗಿ, ತಳದ ಮುಚ್ಚಳ ಬಿಚ್ಚಿದರು. ಒಳಗಿನ ಸಣ್ಣ ಗುಂಡಿ ಒತ್ತಿ ಹಿಡಿದು, ಕಲ್ಲು ಇಟ್ಟು, ಯಂತ್ರಕ್ಕೆ ಹತ್ತು ಎಂದರೆ ಎಷ್ಟು ಎಂದು ಮರಳಿ ಕಲಿಸಿದರು. ಮುಚ್ಚಳ ಹಾಕುವಾಗ ಅವರ ಮುಖದಲ್ಲಿ ತಿಂಗಳುಗಳಿಂದ ಇಲ್ಲದ ಒಂದು ತೃಪ್ತಿಯಿತ್ತು.

ಹೆಂಡತಿ ಡಾಕ್ಟರ ಬೆನ್ನ ಹಿಂದೆ ಒಳಗೆ ಬಂದವಳು ಸ್ಕ್ರೂಡ್ರೈವರ್ ನೋಡಿ ಹಣೆ ಹಿಡಿದುಕೊಂಡಳು.

"ಸರಿ ಮಾಡ್ಬಿಟ್ರಾ?"

ಆಗ ಮೇಷ್ಟ್ರಿಗೂ ಹೊಳೆಯಿತು.

ಡಾಕ್ಟರು ಕಲ್ಲು ಇಡಿಸಿ ನೋಡಿದರು. ಹತ್ತು ಅಂದರೆ ಹತ್ತು. "ಸರಿಯಾಗೇ ಇದೆಯಲ್ರೀ! ಎರಡು ವರ್ಷದ ಹಿಂದೆ ತಂದ ಯಂತ್ರ ಇದು" ಎಂದು ಅವರು ಸಿಡುಕಿದರು. ಈಗಷ್ಟೇ ಸರಿ ಮಾಡಿದೆ ಎಂದರೆ ಯಾರು ನಂಬುತ್ತಾರೆ? "ಇರಲಿ, ನನ್ನ ತೂಗಿ" ಎಂದು ಮೇಷ್ಟ್ರು ಹತ್ತಿ ನಿಂತರು. ನಲವತ್ತೇಳು ಕಿಲೋ ಮುನ್ನೂರು ಗ್ರಾಂ. ಬೆಳಗಿನ ಚಾರ್ಟಿನಲ್ಲಿ ಐವತ್ತೆರಡು.

ಮನುಷ್ಯ ಅರ್ಧ ದಿನದಲ್ಲಿ ಐದು ಕಿಲೋ ಇಳಿಯುತ್ತಾನೆಯೇ ಎಂದು ಒಬ್ಬರಾದರೂ ಕೇಳಬೇಕಿತ್ತು. ಕೇಳಲಿಲ್ಲ. ಅಷ್ಟು ಓದಿದವರಿಗೆ ಯಂತ್ರದ ಮೇಲಿದ್ದ ನಂಬಿಕೆ ಅಂಥದ್ದು. ಬೆಳಗ್ಗೆ ಅದು ಐವತ್ತೆರಡು ಎಂದಿತು, ನಂಬಿದರು. ಮಧ್ಯಾಹ್ನ ನಲವತ್ತೇಳು ಎಂದಿತು, ಅದನ್ನೂ ನಂಬಿದರು. ಎದುರಿಗೆ ನಿಂತಿದ್ದ ಎಲುಬಿನ ಗೂಡನ್ನು ಮಾತ್ರ ನಂಬಲಿಲ್ಲ. "ಹಠಾತ್ ಕುಸಿತ. ಐಸಿಯು ರೆಡಿ ಮಾಡಿ" ಎಂದರು ದೊಡ್ಡ ಡಾಕ್ಟರು.

ಶೋರೂಮಿಗೆ ಫೋನು ಹೋಯಿತು. ಅರ್ಧ ಗಂಟೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದ ಆತ ಕಾರಿಡಾರಿನಲ್ಲಿ ನಾಲ್ಕು ಜನಕ್ಕೆ ಕೇಳುವಂತೆ, "ಹಾಕಿ ಡಾಕ್ಟ್ರೇ, ದುಡ್ಡಿನ ಮುಖ ನೋಡ್ಬೇಡಿ" ಎಂದ. ಅಕ್ಕ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ನೋಡೋ, ಐಸಿಯುಗೆ ಒಂದು ದಿನಕ್ಕೆ ಕಟ್ಟೋದನ್ನ ನನ್ನ ಕೈಗೆ ಕೊಡು. ಅಷ್ಟಕ್ಕೆ ಅಲ್ಲಿ ಹದಿನಾರು ದಿನ ನೋಡ್ಕೋತಾರೆ."

"ಅಕ್ಕಾ, ನಾಳೆ ಜನ ಏನಂತಾರೆ? ಭಾವನ್ನ ಸಾಯೋಕೆ ಸೇರಿಸಿ ಬಂದ ಅಂತಾರೆ."

"ಸಾಯೋರನ್ನ ಮತ್ತೆಲ್ಲಿಗೆ ಸೇರಿಸ್ತಾರೋ?"

"ಹಾಗೆಲ್ಲ ಮಾತಾಡ್ಬೇಡ. ಇಲ್ಲಿಗೆ ಎಷ್ಟು ಬೇಕಾದ್ರೂ ಕೇಳು, ಕೊಡ್ತೀನಿ. ಅಲ್ಲಿಗೆ ಒಂದು ಕಾಸೂ ಇಲ್ಲ."

ಅಕ್ಕ ಅವನ ತೋಳು ಬಿಟ್ಟಳು. ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ತಮ್ಮ. ಆಮೇಲೆ ಒಳಗೆ ಹೋದಳು. ಮೇಷ್ಟ್ರು ಮಂಚದ ಅಂಚು ಹಿಡಿದು ಕೂತಿದ್ದರು.

"ಎಷ್ಟು ಬೇಕಂತೆ ಅಲ್ಲಿ?"

"ಒಂದು ತಿಂಗಳದ್ದು."

"ಅಂಗಡಿ ಬಿಟ್ಕೊಡು. ಮುಂಗಡ ವಾಪಸ್ ಬರತ್ತೆ. ನಾನಿನ್ನು ಹೋಗಿ ಅಲ್ಲಿ ಕೂರೋದು ಏನಿದೆ?"

ಮಾರನೆಯ ದಿನ ಹಾಸಿಗೆಯ ಗಡುವಿನ ಮೂರನೆಯ ದಿನ. ಬೆಳಗ್ಗೆ ಎದ್ದು ಅವಳು ಮಳಿಗೆಯ ಮಾಲೀಕನ ಮನೆಗೆ ಹೋದಳು. ಅವನು ಕಣ್ಣಲ್ಲಿ ನೀರು ತಂದುಕೊಂಡು, ಮೇಷ್ಟ್ರಂಥ ಮನುಷ್ಯ ಸಿಗಲ್ಲ ಎಂದು ಹೊಗಳಿ, ಸುಣ್ಣ ಬಳಿಸುವ ಖರ್ಚನ್ನೂ ಬಾಗಿಲಿನ ಮುರಿದ ಕೀಲಿನ ಖರ್ಚನ್ನೂ ಮುರಿದುಕೊಂಡು ಉಳಿದದ್ದನ್ನು ಕೊಟ್ಟ. ತಿಂಗಳಿಗೆ ಸಾಲುವಷ್ಟಿತ್ತು.

ಉಳಿದದ್ದು ಕಾಗದ. ಮೇಷ್ಟ್ರು ಐಸಿಯುಗೆ ಹೋಗಲು ಒಪ್ಪದೆ ರಾತ್ರಿಯಿಡೀ ವಾರ್ಡಿನಲ್ಲೇ ಉಳಿದದ್ದಕ್ಕೆ ದೊಡ್ಡ ಡಾಕ್ಟರು ಕೆಂಪಗಾಗಿದ್ದರು. "ನಾನು ಬರೆದುಕೊಡಲ್ಲ. ನಮ್ಮ ಆಸ್ಪತ್ರೆಗೆ ಒಂದು ಹೆಸರಿದೆ. ಕರ್ಕೊಂಡು ಹೋಗೋದಾದ್ರೆ ನಿಮ್ಮ ಜವಾಬ್ದಾರಿ ಮೇಲೆ ಸಹಿ ಹಾಕಿ ಹೋಗಿ."

"ಎಲ್ಲಿ ಹಾಕ್ಬೇಕು?" ಎಂದರು ಮೇಷ್ಟ್ರು.

ಬಿಡುಗಡೆ ಕೌಂಟರಿನ ಗುಮಾಸ್ತ ಖುಷಿಯಿಂದ ಟೈಪು ಮಾಡಿದ. ಆಸ್ಪತ್ರೆಯನ್ನು ಕಾಪಾಡುವುದೆಂದರೆ ಅವನ ಬೆರಳುಗಳಿಗೆ ಎಲ್ಲಿಲ್ಲದ ಹುರುಪು. ರೋಗಿಯ ಕಾಯಿಲೆ ಅಂತಿಮ ಹಂತದಲ್ಲಿದೆ, ರೋಗಿ ಮುಂದಿನ ಎಲ್ಲ ಚಿಕಿತ್ಸೆಯನ್ನು ನಿರಾಕರಿಸಿದ್ದಾರೆ, ಯಾವ ಕ್ಷಣದಲ್ಲಿ ಏನಾದರೂ ಆಸ್ಪತ್ರೆ ಹೊಣೆಯಲ್ಲ. ಕೆಳಗೆ ದೊಡ್ಡ ಡಾಕ್ಟರು ತಾವೇ ಸಹಿ ಹಾಕಿದರು. ಮೂರು ಕಡೆ ಮೊಹರು ಬಿತ್ತು. ರೋಗಿಯ ಒಳಿತಿಗೆ ಎರಡು ದಿನ ಹೊರಡದ ಸತ್ಯ, ಆಸ್ಪತ್ರೆಯ ತಲೆ ಕಾಯಲು ನಾಲ್ಕು ನಿಮಿಷದಲ್ಲಿ ಹೊರಟುಬಂತು.

ಹೆಂಡತಿ ಓದಿ, ಮತ್ತೊಮ್ಮೆ ಓದಿ, ಮೇಷ್ಟ್ರ ಕಡೆ ತಿರುಗಿದಳು. "ರೀ, ಇದೇ ಅಲ್ವೇನ್ರೀ ಸಿಸ್ಟರ್ ಕೇಳಿದ್ದು?"

"ಬಾಯಿ ಮುಚ್ಕೊಂಡು ನಡಿ, ಮನಸ್ಸು ಬದಲಾಯಿಸಿಬಿಟ್ಟಾರು."

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹಾಸ್ಪೈಸಿನ ಬಾಗಿಲು ತಲುಪಿದರು. ಸಿಸ್ಟರ್ ಕಾಗದ ಓದಿ, ಮೊಹರುಗಳನ್ನು ನೋಡಿ, "ಇಷ್ಟು ಸ್ಪಷ್ಟವಾಗಿ ಬರೆದುಕೊಟ್ಟದ್ದು ಇದೇ ಮೊದಲು" ಎಂದರು. ಮಾರ್ಫಿನ್ ಅನ್ನು ಚಮಚದಲ್ಲಿ ಅಳೆದು ಬಾಯಿಗೆ ಹಾಕಿದರು. ಒಂದು ಗಂಟೆಯಲ್ಲಿ ಹಗ್ಗ ಸಡಿಲವಾಯಿತು. ಮೇಷ್ಟ್ರು ಹೆಂಡತಿಯ ಕೈ ಹಿಡಿದು, "ಇಷ್ಟೇನಾ? ಇಷ್ಟಕ್ಕೇನಾ ಎರಡು ತಿಂಗಳು ಸತಾಯಿಸಿದ್ದು?" ಎಂದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆ ಹೊತ್ತಿನಲ್ಲಿ ಬೇರೆ ರೋಗಿಗಳ ಚಾರ್ಟ್ ನೋಡುತ್ತಿದ್ದರು.

ಐದನೆಯ ದಿನ ಶೋರೂಮ್ ಬಂದ, ಜೊತೆಗೆ ಇಬ್ಬರು ಪರಿಚಯದವರನ್ನು ಕರೆದುಕೊಂಡು. ಆತ ಎದುರು ನೋಡಿದ್ದು ನರಳುವ ಹೆಣವನ್ನು. ಕಂಡದ್ದು, ಗಡ್ಡ ಬೋಳಿಸಿಕೊಂಡು, ದಿಂಬಿಗೆ ಒರಗಿ, ಬಟ್ಟಲಿನಿಂದ ಗಂಜಿ ಕುಡಿಯುತ್ತಿದ್ದ ಭಾವನನ್ನು. ಆತನ ಮುಖ ಅರಳಿತು.

"ಭಾವ! ಎಷ್ಟು ಚೆನ್ನಾಗಿ ಆಗಿದೀರಿ! ನಾನು ಹೇಳ್ಲಿಲ್ವಾ? ನಾಳೆನೇ ಆಸ್ಪತ್ರೆಗೆ ವಾಪಸ್ ಹೋಗೋಣ. ಈಗ ಕೀಮೋ ತಡ್ಕೊಳ್ಳೋ ಶಕ್ತಿ ಬಂದಿದೆ. ಡಾಕ್ಟ್ರ ಹತ್ರ ಮಾತಾಡಿದೀನಿ."

ಮೇಷ್ಟ್ರು ಚಮಚ ಬಟ್ಟಲಲ್ಲಿಟ್ಟರು. "ನೋವು ಹೋಗಿದೆ ಕಣಪ್ಪ. ಕಾಯಿಲೆ ಇಲ್ಲೇ ಇದೆ. ನಿನಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಯಾಕಂದ್ರೆ ಎರಡೂ ನಿನ್ನ ಮೈಯಲ್ಲಿಲ್ಲ."

ಜೊತೆಗೆ ಬಂದವರು ಕಿಟಕಿ ನೋಡತೊಡಗಿದರು. ಶೋರೂಮ್ ಮಾತ್ರ ಬಿಡಲಿಲ್ಲ. ಹೊಸ ಔಷಧಿ ಬಂದಿದೆಯಂತೆ, ಯಾರೋ ಒಬ್ಬರು ಆರು ವರ್ಷ ಬದುಕಿದರಂತೆ, ಹಣದ ಚಿಂತೆ ಬೇಡವಂತೆ. ಮೇಷ್ಟ್ರ ಕಣ್ಣು ಮೆಲ್ಲಗೆ ಮುಚ್ಚಿದವು. ಆಸ್ಪತ್ರೆಯಲ್ಲಿ ಎರಡು ತಿಂಗಳು ಒಂದು ತಾಸೂ ಒಂದೇ ಸಮನೆ ನಿದ್ದೆ ಮಾಡದಿದ್ದ ಮನುಷ್ಯ, ಹಗಲು ಹೊತ್ತಿನಲ್ಲಿ, ಭಾಮೈದನ ಭಾಷಣದ ನಡುವೆ ಗೊರಕೆ ಹೊಡೆಯತೊಡಗಿದರು.

"ಭಾವ, ಕೇಳಿಸ್ಕೊಳ್ತಿದೀರಾ?"

ಅಕ್ಕ ಎದ್ದು ಬಟ್ಟಲು ತೆಗೆದಳು, ಹೊದಿಕೆಯನ್ನು ಗಂಡನ ಎದೆಯವರೆಗೆ ಎಳೆದಳು. ಆಮೇಲೆ ತಮ್ಮನ ಬೆನ್ನ ಮೇಲೆ ಕೈಯಿಟ್ಟು ಅವನನ್ನು ಬಾಗಿಲಿನ ಕಡೆ ತಿರುಗಿಸಿದಳು.

"ಮೆಲ್ಲಗೆ ನಡಿಯೋ. ಚಪ್ಪಲಿ ಸದ್ದು ಮಾಡ್ಬೇಡ. ಅವರಿಗೆ ನಿದ್ದೆ ಬಂದಿದೆ."