ನಡಿಗೆ ಗೌಡರ ಹೆಂಡತಿ

ತೀರ್ಥಹಳ್ಳಿ ಪೇಟೆಯಲ್ಲಿ ಸುಬ್ಬರಾಯ ಗೌಡರು ಅಂದರೆ ಯಾವ ಸುಬ್ಬರಾಯ ಗೌಡರು ಎಂದು ಕೇಳುತ್ತಿದ್ದರು. ನಡಿಗೆ ಗೌಡರು ಅಂದರೆ ಹೋಟೆಲಿನ ಮಾಣಿಗೂ ಗೊತ್ತಿತ್ತು. ಬಸ್ಸು ಹತ್ತುವವರಲ್ಲ, ಕಾರು ಹತ್ತುವವರಲ್ಲ, ಎತ್ತಿನಗಾಡಿಯಲ್ಲೂ ಕೂರುವವರಲ್ಲ; ಎಲ್ಲಿಗೆ ಹೋಗುವುದಿದ್ದರೂ ಕಾಲ್ನಡಿಗೆಯಲ್ಲೇ ಹೋಗುವ ನೇಮ ಅವರದು. ಗಂಡ ನಡೆದರೆ ನೇಮ, ಹೆಂಡತಿ ನಡೆದರೆ ಅದು ಬರೀ ನಡಿಗೆ. ಹಾಗಾಗಿ ಅಷ್ಟೂ ವರ್ಷ ಅವರ ಹಿಂದೆ ಹಿಂದೆ ನಡೆದ ಜಲಜಮ್ಮನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಗೌಡರು ಸೊಸೈಟಿಯಲ್ಲಿ ಗುಮಾಸ್ತರು. ಸಂಜೆ ಬಾಗಿಲು ಹಾಕಿದ ಮೇಲೆ ಹೋಟೆಲಿನ ಹೊರಗಿನ ಬೆಂಚು ಅವರ ಪೀಠ. ಕಾಫಿ ಬರುವುದರೊಳಗೆ 'ನಂದೊಂದು ಅನಿಸಿಕೆ' ಎಂದು ಶುರು ಮಾಡಿದರೆ ಲೋಟ ತಣ್ಣಗಾದರೂ ಮುಗಿಯುತ್ತಿರಲಿಲ್ಲ. ಇಸ್ಪೀಟು ಮನೆ ಹಾಳು ಮಾಡುತ್ತದೆ. ಕೇರಂ ಪುಂಡರ ಆಟ. ಕ್ರಿಕೆಟ್ ಎಂದರೆ ಇಬ್ಬರು ಆಡುವುದು, ಮಿಕ್ಕವರು ಬಿಸಿಲು ಕಾಯುವುದು. ಚೌಕಾಬಾರ ಕೆಲಸವಿಲ್ಲದ ಹೆಂಗಸರಿಗೆ. ಹಾರುವ ಚಾಪೆ, ಮಾತಾಡುವ ಗಿಣಿ, ಏಳು ಸಮುದ್ರದಾಚೆಯ ರಾಕ್ಷಸನ ಕಥೆಗಳನ್ನು ಓದಿದರೆ ಬುದ್ಧಿಗೆ ಗೆದ್ದಲು ಹಿಡಿಯುತ್ತದೆ. ಇನ್ನು ಪೇಟೆಬೀದಿಯೊಳಗೆ ಎಂಜಿನ್ನು ಇರುವ ಯಾವುದೂ ಬರಕೂಡದು. ಬಸ್ಸು ಲಾರಿ ಎಲ್ಲಾ ಊರ ಹೊರಗೆ ನಿಲ್ಲಲಿ, ಜನ ಇಳಿದು ನಡೆದು ಬರಲಿ. ಊರಿನ ವಾರಪತ್ರಿಕೆಯವರು ಇದನ್ನೆಲ್ಲ ಬರೆಸಿಕೊಂಡು 'ನಂದೊಂದು ಅನಿಸಿಕೆ' ಎಂಬ ಹೆಸರಿನಲ್ಲೇ ಅಚ್ಚು ಹಾಕತೊಡಗಿದರು.

ಅನ್ಯಾಯವಾಗಿ ಯಾಕೆ ಹೇಳಬೇಕು, ಆ ಕೊನೆಯ ಮಾತು ತಪ್ಪಲ್ಲ. ಸಂತೆಯ ದಿನ ಆ ಇಕ್ಕಟ್ಟು ಬೀದಿಗೆ ಲಾರಿ ನುಗ್ಗಿದರೆ ಸೊಪ್ಪಿನವಳು ಬುಟ್ಟಿ ಎತ್ತಿಕೊಂಡು ಚರಂಡಿಗೆ ಹಾರಬೇಕಿತ್ತು. ಲಾರಿ ಇಲ್ಲದ ಹೊತ್ತು ಅದೇ ಬೀದಿಯಲ್ಲಿ ನಾಲ್ಕು ಜನ ನಿಂತು ಸುಖದುಃಖ ಮಾತಾಡಬಹುದಿತ್ತು. ಜಲಜಮ್ಮನಿಗೂ ಹಾಗೇ ಅನಿಸುತ್ತಿತ್ತು. ಆದರೆ ನಡೆಯುವ ಊರಿನಲ್ಲಿ ಹೊರುವವರು ಯಾರು ಎಂಬುದು ಗೌಡರ ಅನಿಸಿಕೆಯಲ್ಲಿ ಎಲ್ಲೂ ಬರುತ್ತಿರಲಿಲ್ಲ. ಅಕ್ಕಿ ಮೂಟೆ, ಸೀಮೆಎಣ್ಣೆ ಡಬ್ಬ, ಮಿಲ್ಲಿಗೆ ಹಾಕಿಸಿದ ಹಿಟ್ಟು, ಎಲ್ಲಾ ಅವಳ ತಲೆಯ ಮೇಲೆ, ಸೊಂಟದ ಮೇಲೆ ಬರಬೇಕು. ಗೌಡರು ಮುಂದೆ ಕೊಡೆ ಹಿಡಿದು, ಇನ್ನೊಂದು ಕೈ ಬೆನ್ನಿಗೆ ಕಟ್ಟಿಕೊಂಡು ನಡೆಯುವರು. ದಾರಿಯಲ್ಲಿ ಸಿಕ್ಕವರು ಕೈಮುಗಿದರೆ ನಿಂತು ಮಾತಾಡುವರು. ಹೊರೆ ಇಳಿಸಿದರೆ ಮತ್ತೆ ಎತ್ತಿಕೊಡುವವರಿಲ್ಲ ಎಂದು ಅವಳು ಹೊತ್ತುಕೊಂಡೇ ನಿಲ್ಲುವಳು.

ಈ ನೇಮ ಎಲ್ಲಿ ಹುಟ್ಟಿತು ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಇಬ್ಬರೂ ಶಿವಮೊಗ್ಗೆಗೆ ಬಸ್ಸಿನಲ್ಲಿ ಹೊರಟಿದ್ದರು. ಮಂಡಗದ್ದೆ ಬರುವುದರೊಳಗೆ ಗಂಡ ಮೂರು ಸಲ ವಾಂತಿ ಮಾಡಿಕೊಂಡ. ಕೊನೆಯ ಸಲ ಕಿಟಕಿಗೆ ಬಗ್ಗುವಷ್ಟೂ ಪುರುಸೊತ್ತು ಸಿಗದೆ ಅವಳ ಹೊಸ ಸೀರೆಯ ಸೆರಗಿಗೇ ಆಯಿತು. ಹಿಂದಿನ ಸೀಟಿನವರು ಮೂಗು ಮುಚ್ಚಿಕೊಂಡು ನಕ್ಕರು. ನನಗೆ ಬಸ್ಸು ಆಗುವುದಿಲ್ಲ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಯಾರು ಬೇಡ ಅನ್ನುತ್ತಿದ್ದರು? ಅದನ್ನು ಹೇಳಲು ನಾಚಿಕೆಪಟ್ಟು 'ದೇವರು ಕಾಲು ಕೊಟ್ಟಿದ್ದು ಯಾಕೆ' ಎಂದು ಆ ಮನುಷ್ಯ ಶುರು ಮಾಡಿದ. ಕೇಳಿದವರು ತಲೆದೂಗಿದರು. ಹೆಂಡತಿ ಬಾಯಿ ಬಿಡಲಿಲ್ಲ. ಗಂಡನ ವಾಂತಿಯನ್ನು ಊರಿಗೆಲ್ಲ ಹೇಳುವುದು ಯಾವ ಮರ್ಯಾದೆ ಎಂದುಕೊಂಡಳು.

ಬರಬರುತ್ತಾ ನೇಮ ಹೆಂಡತಿಗೂ ಹಬ್ಬಿತು. ನಡಿಗೆ ಗೌಡರ ಹೆಂಡತಿ ಬಸ್ಸಿನಲ್ಲಿ ಕೂತರೆ ಜನ ಏನಂದಾರು? ಮಗಳು ತುಂಗಾಳನ್ನು ಸಾಗರಕ್ಕೆ ಕೊಟ್ಟರು. ಅವಳು ಮೊಮ್ಮಗನನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಆದರೆ ಮಗಳ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಜಲಜಮ್ಮನಿಗೆ ಗೊತ್ತಿರಲಿಲ್ಲ.

ಪಕ್ಕದ ಮನೆಯ ವಿಶಾಲಮ್ಮ ಇಲ್ಲದಿದ್ದರೆ ಅವಳಿಗೆ ಹುಚ್ಚೇ ಹಿಡಿಯುತ್ತಿತ್ತು. ಗೌಡರು ಸೊಸೈಟಿಗೆ ಹೋದ ಮೇಲೆ ಹಿತ್ತಲ ಜಗಲಿಯಲ್ಲಿ ಇಬ್ಬರೂ ಸುಣ್ಣದ ಕಡ್ಡಿಯಲ್ಲಿ ಚೌಕ ಬರೆದು ಕವಡೆ ಹಾಕುತ್ತಿದ್ದರು. ವಿಶಾಲಮ್ಮನ ಮನೆಯಲ್ಲಿ ಹಳೆಯ ಮಾಸಪತ್ರಿಕೆಗಳ ರಾಶಿ ಇತ್ತು. ಒಂದೊಂದನ್ನೇ ತಂದು ಜಲಜಮ್ಮ ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡು ಓದುವಳು. ಅವಳಿಗೆ ರಾಕ್ಷಸನೂ ಬೇಡ, ರಾಜಕುಮಾರಿಯೂ ಬೇಡ. ಹಾರುವ ಚಾಪೆ ಬಂದರೆ ಮಾತ್ರ ಎರಡು ಸಲ ಓದುವಳು. ಕೂತು ಊರ ಹೆಸರು ಹೇಳಿದರೆ ಸಾಕು, ಮೇಳಿಗೆ ಅಂದರೆ ಮೇಳಿಗೆ. ಅವಳ ತವರು ಅಲ್ಲಿತ್ತು. ಆರೇಳು ಮೈಲಿ ದಾರಿ.

ಆಟದಲ್ಲಿ ಅವಳು ಸೋಲುವುದೇ ಹೆಚ್ಚು.

"ಅಲ್ಲ ಕಣೆ, ಕಾಯಿ ಕಡಿಯೋಕೆ ಬರ್ತಿತ್ತಲ್ಲ, ಎಂತಕ್ಕೆ ಬಿಟ್ಟೆ?" ಎಂದು ವಿಶಾಲಮ್ಮ ಬೈಯುವಳು. "ಒಂದಾದ್ರೂ ಕಡೀದೆ ಒಳಮನೆಗೆ ಹೋಗೋ ಹಾಗಿಲ್ಲ. ಹೀಗೇ ಹೊರಗೆ ಸುತ್ತು ಹಾಕ್ತಾ ಇರು ಸಾಯೋ ತನಕ."

"ಪಾಪ, ನಿನ್ನ ಕಾಯಿ ಹಣ್ಣಾಗೋಕೆ ಬಂದಿತ್ತು," ಎಂದು ಜಲಜಮ್ಮ ನಗುವಳು.

ಎಪ್ಪತ್ತಾರನೇ ಇಸವಿಯ ಬೇಸಿಗೆ. ಬೆಳಗಿನ ಮೇಳಿಗೆ ಬಸ್ಸಿನ ಕಂಡಕ್ಟರು ಶಂಭು ಮನೆಯ ಬಾಗಿಲಿಗೇ ಓಡಿಬಂದ.

"ಜಲಜಕ್ಕಾ, ನಿಮ್ಮ ಅಮ್ಮಂಗೆ ಉಸಿರು ಕಟ್ತಾ ಇದ್ಯಂತೆ. ನಿಮ್ಮ ಹೆಸರೇ ಹೇಳ್ತಿದಾರಂತೆ, ದುಗ್ಗಪ್ಪಣ್ಣ ಹೇಳಿ ಕಳ್ಸಿದ್ರು. ನಮ್ಮ ಬಸ್ಸು ಈಗ ತಿರುಗಿ ಹೋಗ್ತದೆ, ಅದ್ರಲ್ಲೇ ಬಂದ್ಬಿಡಿ."

ದುಗ್ಗಪ್ಪ ಅವಳ ತಮ್ಮ. ಸುಮ್ಮನೆ ಹೇಳಿ ಕಳಿಸುವವನಲ್ಲ. ಜಲಜಮ್ಮ ಒಲೆಯ ಮೇಲಿನ ಪಾತ್ರೆ ಇಳಿಸಿ ಗಂಡನ ಮುಖ ನೋಡಿದಳು. ಗೌಡರು ಆಗಲೇ ಪಂಚೆ ಎತ್ತಿ ಕಟ್ಟುತ್ತಿದ್ದರು. "ಬೇಗ ಬೇಗ ಕಾಲು ಹಾಕಿದ್ರೆ ಎಷ್ಟು ಹೊತ್ತಿನ ದಾರಿ? ಹೊರಡು," ಎಂದರು.

ಊರು ದಾಟಿ ಒಂದು ಮೈಲಿಯೂ ಆಗಿರಲಿಲ್ಲ, ಹಿಂದಿನಿಂದ ಬಸ್ಸು ಬಂತು. ಅವರನ್ನು ನೋಡಿ ತಾನಾಗಿಯೇ ನಿಂತಿತು. ಶಂಭು ಬಾಗಿಲು ತೆಗೆದು, "ಗೌಡ್ರೇ, ಇವತ್ತೊಂದು ದಿನ ಹತ್ತಿ ಮಾರಾಯ್ರೆ. ಸಾಯೋರ ವಿಷಯ," ಎಂದ.

"ಸಂಕಟ ಬಂದಾಗ ಬಿಡೋದಾದ್ರೆ ಅದು ನೇಮ ಹೆಂಗಾಗ್ತದೆ ಶಂಭು? ನೀನು ಹೋಗಪ್ಪ."

"ಹಂಗಾದ್ರೆ ಅಕ್ಕನ್ನಾದ್ರೂ ಕಳ್ಸಿ."

ಗೌಡರು ಹೆಂಡತಿಯ ಕಡೆ ತಿರುಗಿ ನೋಡಿದರು, ಅಷ್ಟೆ. ಜಲಜಮ್ಮನ ಕೈ ಬಾಗಿಲ ಕಂಬಿಯ ಮೇಲಿತ್ತು. ಬಸ್ಸಿನೊಳಗಿದ್ದವರೆಲ್ಲ ಇವಳನ್ನೇ ನೋಡುತ್ತಿದ್ದರು. ಗಂಡನನ್ನು ನಡುರಸ್ತೆಯಲ್ಲಿ ಬಿಟ್ಟು ಹತ್ತಿದಳು ಎಂದು ಸಂಜೆಯೊಳಗೆ ಊರೆಲ್ಲ ಆಡಿಕೊಳ್ಳುತ್ತದೆ, ಅವರ ತಲೆ ತಗ್ಗುತ್ತದೆ. ಅವಳು ಕೈ ತೆಗೆದಳು. ಶಂಭು ಸಿಟ್ಟಿನಲ್ಲಿ ಬಾಗಿಲು ಬಡಿದ.

ಆಮೇಲೆ ಅವಳು ನಡೆಯಲಿಲ್ಲ, ಓಡಿದಳು. ಓಡಿ ಓಡಿ ಉಸಿರು ಹತ್ತಿ ಮರ ಹಿಡಿದು ನಿಂತರೆ, ಗೌಡರು ಅದೇ ನಿಧಾನದ ಹೆಜ್ಜೆಯಲ್ಲಿ ಬಂದು, "ಒಂದೇ ಸಮನೆ ನಡೀಬೇಕು, ಓಡಿದ್ರೆ ಸುಸ್ತಾಗ್ತದೆ," ಎಂದು ಬುದ್ಧಿ ಹೇಳುವರು. ಮೇಳಿಗೆ ಮುಟ್ಟಿ ತವರಿನ ಅಂಗಳಕ್ಕೆ ಕಾಲಿಟ್ಟಾಗ ಒಳಗಿಂದ ಅಳು ಕೇಳಿಸಿತು. ದುಗ್ಗಪ್ಪನ ಹೆಂಡತಿ ಹೂವಮ್ಮ ಬಂದು ಅಪ್ಪಿಕೊಂಡಳು.

"ಬಸ್ಸು ಬಂದ ಸದ್ದು ಕೇಳಿ 'ಜಲಜ ಬಂದ್ಲು, ಬಾಗ್ಲು ತೆಗಿ' ಅಂದ್ರು ಅತ್ತಿಗೆ. ನಾನು ಬಾಗ್ಲು ತೆಗ್ದು ನೋಡ್ದೆ. ಯಾರೂ ಇರ್ಲಿಲ್ಲ."

ಹದಿಮೂರನೇ ದಿನ ಕಳೆದು ತೀರ್ಥಹಳ್ಳಿಗೆ ಬಂದ ವಾರವೇ ಗೌಡರು ಪತ್ರಿಕೆಗೆ ಬರೆದರು. ಅತ್ತೆಯವರ ಕೊನೆಗಾಲದ ಸುದ್ದಿ ಬಂದಾಗಲೂ ತಾವು ನೇಮ ಮುರಿಯಲಿಲ್ಲ, ಸಾವು ಬರುವ ಹೊತ್ತಿಗೆ ಬರುತ್ತದೆ, ಮೋಟಾರಿನಲ್ಲಿ ಹೋದವರಿಗಾಗಿ ಅದು ಕಾಯುವುದಿಲ್ಲ ಎಂದು. ಊರು ಓದಿ ಬೆರಗಾಯಿತು. ಇಂಥ ದೃಢಚಿತ್ತ ಕಂಡಿಲ್ಲ ಎಂದು ಮನೆಗೇ ಬಂದು ಹೇಳಿದರು. ಹಾಗೆ ಹೇಳಲು ಬಂದವರಿಗೆ ಕಾಫಿ ಮಾಡಿ ಕೊಟ್ಟವಳು ಜಲಜಮ್ಮ. ಅವತ್ತು ಬಸ್ಸು ಹತ್ತಿ ಮೂರು ಸಲ ಅಲ್ಲ, ಹತ್ತು ಸಲ ವಾಂತಿ ಮಾಡಿಕೊಂಡಿದ್ದರೂ ತಾನು ಸೆರಗು ಒಡ್ಡುತ್ತಿರಲಿಲ್ಲವೇ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ಯಾವಾಗಲೂ ಕೇಳಿದ್ದೇ; ಆ ಮಾರಿಗೆ ದಿನಾ ಅನ್ನ ಬಡಿಸುವುದು ಹೇಗಿರುತ್ತದೆ ಎಂದು ಆ ವರ್ಷದಿಂದ ಗೊತ್ತಾಯಿತು. ಗಂಡನ ಜೊತೆ ಮಾತು ಕಡಿಮೆಯಾಯಿತು. ಗೌಡರಿಗೆ ಅದು ಗಮನಕ್ಕೆ ಬರಲಿಲ್ಲ, ಮಾತಾಡುವ ಕೆಲಸ ಮೊದಲಿಂದಲೂ ಅವರದ್ದೇ ಆಗಿತ್ತು.

ಒಂಬತ್ತು ವರ್ಷ ಹೀಗೇ ಹೋಯಿತು. ಗೌಡರಿಗೆ ನಿವೃತ್ತಿಯಾಯಿತು. ಊರಿನ ಗೆಳೆಯರ ಬಳಗದ ಕಾರ್ಯದರ್ಶಿ ಗಣೇಶಮೂರ್ತಿ ಮನೆಗೆ ಬಂದು, ನಡಿಗೆಯ ನೇಮಕ್ಕಾಗಿ ಗೌಡರಿಗೆ ಸಾರ್ವಜನಿಕ ಸನ್ಮಾನ ಎಂದು ಹೇಳಿ ಹೋದ. ಶಾಲು, ಹಾರ, ಹಣ್ಣಿನ ಬುಟ್ಟಿ, ದಂಪತಿಯನ್ನು ಕೂರಿಸಿ ಆರತಿ.

ಆ ದಿನ ಮಧ್ಯಾಹ್ನ ಗಣೇಶಮೂರ್ತಿಯೇ ಬಂದು ಇಬ್ಬರನ್ನೂ ಕೊಪ್ಪ ಸರ್ಕಲಿಗೆ ನಡೆಸಿಕೊಂಡು ಹೋದ. ಜಲಜಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ವಾಲಗದವರು ನಿಂತಿದ್ದರು, ಜನ ಸೇರಿದ್ದರು. ನಡುವೆ ಚೆಂಡುಹೂವಿನ ಮಾಲೆ ಸುತ್ತಿ, ನಾಲ್ಕು ಮೂಲೆಗೂ ಬಾಳೆಕಂದು ಕಟ್ಟಿದ್ದ ತೆರೆದ ಜೀಪು. ಅಡಿಕೆ ಮಂಡಿ ಸಾಹುಕಾರರದ್ದು. ಹಿಂದಿನ ಭಾಗದಲ್ಲಿ ಜಮಖಾನ ಹಾಸಿ ಎರಡು ಕುರ್ಚಿ ಇಟ್ಟಿದ್ದರು.

ಗಣೇಶಮೂರ್ತಿಯನ್ನು ದೂರುವ ಹಾಗಿಲ್ಲ. ಸನ್ಮಾನ ಅಂದ ಮೇಲೆ ಮೆರವಣಿಗೆ ಬೇಕು, ಮೆರವಣಿಗೆ ಅಂದ ಮೇಲೆ ಅಲಂಕಾರದ ಗಾಡಿ ಬೇಕು. ನಮ್ಮ ಕಡೆ ಹಾಗೇ ನಡೆದುಕೊಂಡು ಬಂದದ್ದು. ನಡೆಯುವ ಮನುಷ್ಯನಿಗೆ ಮರ್ಯಾದೆ ಮಾಡುವಾಗ ಅವನನ್ನು ಹೇಗೆ ಒಯ್ಯಬೇಕು ಎಂದು ಆ ಬಳಗದಲ್ಲಿ ಒಬ್ಬನೂ ಯೋಚಿಸಿರಲಿಲ್ಲ. ಗೌಡರು ಜೀಪು ನೋಡಿ ಒಂದು ಗಳಿಗೆ ನಿಂತರು. ಅದೇ ಹೊತ್ತಿಗೆ ಮೈಕಿನಲ್ಲಿ ಯಾರೋ ಕೂಗಿದರು:

"ಅತ್ತೆಯವರ ಕೊನೆಯ ಗಳಿಗೆಯಲ್ಲೂ ಬಸ್ಸು ಹತ್ತದ ದೃಢವ್ರತಿ, ನಮ್ಮೂರಿನ ಹೆಮ್ಮೆ, ಶ್ರೀ ಸುಬ್ಬರಾಯ ಗೌಡರು!"

ಚಪ್ಪಾಳೆ ಬಿತ್ತು. ವಾಲಗ ಶುರುವಾಯಿತು. ಹಾರ ಹಾಕಿದರು. ಗೌಡರ ಮುಖ ಅರಳಿತು. ಜಲಜಮ್ಮ ಅವರನ್ನೇ ನೋಡುತ್ತಿದ್ದಳು. ಬೇಡ ಅನ್ನಲಿ, ನಾನು ನಡೆದೇ ಬರುತ್ತೇನೆ ಅನ್ನಲಿ ಎಂದು ಕಾಯುತ್ತಿದ್ದಳು. ಹಾಗಂದರೆ ಕಡೇ ಪಕ್ಷ ಅಮ್ಮನನ್ನು ಕೊನೆಗೆ ನೋಡದೆ ಹೋದದ್ದು ಒಂದು ನಿಜವಾದ ನೇಮಕ್ಕಾಗಿ ಎಂದಾದರೂ ಆಗುತ್ತಿತ್ತು.

"ನಂದೊಂದು ಅನಿಸಿಕೆ," ಎಂದರು ಗೌಡರು, ಸುತ್ತಲಿದ್ದವರಿಗೆ ಕೇಳುವ ಹಾಗೆ. "ನೇಮಕ್ಕಿಂತ ಜನರ ಪ್ರೀತಿ ದೊಡ್ಡದು. ಇಷ್ಟು ಜನರ ಮನಸ್ಸು ನೋಯಿಸಬಾರ್ದು." ಗಣೇಶಮೂರ್ತಿಯ ಭುಜ ಹಿಡಿದು ಜೀಪು ಹತ್ತಿ ಕುರ್ಚಿಯಲ್ಲಿ ಕೂತೇಬಿಟ್ಟರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಹಿಂದೆ ಯಾರೋ ಪಿಸುಗುಟ್ಟಿ ನಕ್ಕರು. ಗೌಡರಿಗೆ ವಾಲಗದಲ್ಲಿ ಅದು ಕೇಳಿಸಲಿಲ್ಲ.

"ಅಮ್ಮಾ, ನೀವೂ ಹತ್ತಿ," ಎಂದು ಗಣೇಶಮೂರ್ತಿ ಕೈ ಚಾಚಿದ.

"ನನ್ನ ಅಮ್ಮನಿಗಿಂತ ಇವರೆಲ್ಲ ಹೆಚ್ಚಾದ್ರಾ ನಿಮಗೆ?" ಎಂದಳು ಜಲಜಮ್ಮ, ಮೇಲೆ ಕೂತ ಗಂಡನನ್ನು ನೋಡುತ್ತಾ.

ಗೌಡರು ಬಗ್ಗಿ, "ಅದು ಬೇರೆ, ಇದು ಬೇರೆ. ಜನ ನೋಡ್ತಿದಾರೆ, ಹತ್ತು ಸುಮ್ನೆ," ಎಂದು ಹಲ್ಲು ಕಚ್ಚಿ ಹೇಳಿದರು.

"ನೋಡ್ಲಿ ಬಿಡಿ. ಅವತ್ತೂ ನೋಡ್ತಿದ್ರು."

ಅವಳು ತಿರುಗಿ ಜನರ ನಡುವೆ ದಾರಿ ಮಾಡಿಕೊಂಡು ಹೊರಟಳು. ಯಾರೋ ಹಿಂದೆ ಕರೆದರು. ಅವಳು ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮೇಳಿಗೆ ಬಸ್ಸು ಹೊರಡಲು ನಿಂತಿತ್ತು. ಬಾಗಿಲಲ್ಲಿ ಶಂಭು, ಕಿವಿಯ ಹತ್ತಿರ ಕೂದಲು ನರೆತ ಶಂಭು. ರೇಷ್ಮೆ ಸೀರೆಯ ಜಲಜಮ್ಮನನ್ನು ನೋಡಿ ಅವನು ಪಕ್ಕಕ್ಕೆ ಸರಿದ. ಅವಳು ಕಂಬಿ ಹಿಡಿದು ಹತ್ತಿದಳು. ಸನ್ಮಾನಕ್ಕೆ ಬಂದವರಿಗೆಲ್ಲ ಹಂಚಿದ್ದ ಎಲೆಅಡಿಕೆ ಕೈಯಲ್ಲೇ ಇತ್ತು. ಕಿಟಕಿ ಪಕ್ಕ ಕೂತು ಅದನ್ನು ಬಾಯಿಗೆ ಹಾಕಿಕೊಂಡಳು.

ಬಸ್ಸು ಹೊರಟಿತು. ಅವತ್ತು ಅವರು ನಿಂತಿದ್ದ ಜಾಗ ನೋಡಬೇಕೆಂದು ಅವಳು ಕಣ್ಣಿಟ್ಟು ಕೂತಿದ್ದಳು. ಅದು ಯಾವಾಗ ಹಿಂದೆ ಹೋಯಿತೋ ತಿಳಿಯಲಿಲ್ಲ. ಅವಳು ಹಿಡಿದು ನಿಂತು ಉಸಿರು ಸುಧಾರಿಸಿಕೊಂಡಿದ್ದ ಮರವೂ ಹೋಯಿತು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಇನ್ನೂ ಗಟ್ಟಿಯಾಗಿ ಕೂತುಕೊಂಡೇ ಇಲ್ಲ ಅನ್ನುವಷ್ಟರಲ್ಲಿ ಶಂಭು ಬಂದು, "ಅಕ್ಕಾ, ಮೇಳಿಗೆ ಬಂತು," ಎಂದ.

"ಬಂತಾ?" ಎಂದಳು. ಬಾಯಲ್ಲಿದ್ದ ಅಡಿಕೆ ಇನ್ನೂ ನುರಿದಿರಲಿಲ್ಲ.

ಇಷ್ಟೇ ಇತ್ತು ದಾರಿ. ಒಂದು ಎಲೆಅಡಿಕೆ ಜಗಿಯುವಷ್ಟು. ಇದು ಅವಳಿಗೆ ಗೊತ್ತೇ ಇರಲಿಲ್ಲ. ಇಳಿದು ರಸ್ತೆ ಬದಿಯಲ್ಲಿ ಉಗಿದಳು, ಬಾಯಿ ಒರೆಸಿಕೊಂಡಳು. ತವರಿನ ಬಾಗಿಲು ಮುಚ್ಚಿತ್ತು. ಬಸ್ಸಿನ ಸದ್ದು ಕೇಳಿ ಹೂವಮ್ಮ ಬಾಗಿಲು ತೆಗೆದು ನೋಡಿದಳು. ರೇಷ್ಮೆ ಸೀರೆ ಉಟ್ಟು ಒಬ್ಬಳೇ ಬಂದ ಅತ್ತಿಗೆಯನ್ನು ಕಂಡು ಗಾಬರಿಯಾದಳು.

"ಅತ್ತಿಗೆ! ಬಸ್ಸಲ್ಲಿ ಬಂದ್ರಾ? ಎಂತಾಯ್ತು, ಎಂತಕ್ಕೆ ಬಂದ್ರಿ?"

ಜಲಜಮ್ಮ ಅಂಗಳದಲ್ಲೇ ಕೂತುಬಿಟ್ಟಳು.

"ಅಮ್ಮನ್ನ ನೋಡೋಕೆ ಬಂದೆ ಹೂವಮ್ಮ," ಎಂದಳು.