ಬದಲಿ ಇಲ್ಲದ ಭಾಷೆ

ಧರಣಿ ಹಟಮಾರಿ. ಅಶೋಕಪುರಂನ ಅವರ ಬೀದಿಯವರು ಅದನ್ನೇ ಬುದ್ಧಿವಂತಿಕೆ ಎಂದು ಹೊಗಳಿ ಅಟ್ಟಕ್ಕೇರಿಸಿದ್ದರು. ಹೆತ್ತವಳು ಹೋದ ಮೇಲೆ ಅವಳನ್ನು ಸಾಕಿದ್ದು ದೊಡ್ಡಮ್ಮ ಮಾದೇವಮ್ಮ. ಆಸ್ಪತ್ರೆಯ ನೆಲ ಒರೆಸಿ ಒರೆಸಿ, ಫಿನಾಯಿಲಿಗೆ ಆ ಹೆಂಗಸಿನ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಇಂಜಿನಿಯರಿಂಗ್ ಮುಗಿಸಿದ ಮಗಳಿಗೊಂದು ಕೆಲಸ ಕೊಡಿ ಎಂದು ತನ್ನ ಮಾಲೀಕನ ಮುಂದೆ ಕೈಕಟ್ಟಿ ನಿಂತವಳೂ ಅವಳೇ.

ಮಾಲೀಕ ಚೆಲುವರಾಜು. ಆಸ್ಪತ್ರೆ, ಆಫೀಸುಗಳಿಗೆ ಕಸ ಗುಡಿಸುವ ಹೆಂಗಸರನ್ನು ಒದಗಿಸುವ ಏಜೆನ್ಸಿ ಅವನದು, ಸರಸ್ವತಿಪುರಂನಲ್ಲಿ ಕಚೇರಿ. ಬೆಳಿಗ್ಗೆ ಹೆಂಗಸರೆಲ್ಲ ಅಲ್ಲಿಗೆ ಬಂದು, ಗೇಟಿನ ಮಿಷನ್ನಿಗೆ ಮುಖ ತೋರಿಸಿ, ಒಳಗೆ ನಿಂತ ವ್ಯಾನ್ ಹತ್ತಬೇಕು. ಯಾರನ್ನು ಎಲ್ಲಿಗೆ ಕಳಿಸಬೇಕು, ಯಾರನ್ನು ತೆಗೆಯಬೇಕು ಎಂಬ ನಿಯಮಗಳು ಅವನ ಮನಸ್ಸು ಬಂದಾಗಲೆಲ್ಲ ಬದಲಾಗುತ್ತಿದ್ದವು. ಪ್ರತಿ ಸಲವೂ ಅಲ್ಲಿ ಕೆಲಸಕ್ಕೆ ಸೇರಿದ ಧರಣಿ ಮತ್ತು ಅವಳ ಜೊತೆ ಕೆಲಸ ಮಾಡುವ ನಿಶಾಂತ್ ಕೂತು ಪ್ರೋಗ್ರಾಮ್ ತಿದ್ದಬೇಕು. ಬೇಸತ್ತ ಧರಣಿ, ಈ ಕೆಲಸಕ್ಕೆಂದೇ ಒಂದು ಪುಟ್ಟ ಕಂಪ್ಯೂಟರ್ ಭಾಷೆ ಮಾಡಿಕೊಡುತ್ತೇನೆ, ಮಾಲೀಕರೇ ಕನ್ನಡದಲ್ಲಿ ನಿಯಮ ಟೈಪ್ ಮಾಡಿಕೊಳ್ಳಲಿ ಎಂದಳು.

ನಿಶಾಂತ್ ಒಪ್ಪಲಿಲ್ಲ. ಈಗಿರುವ ಪೈಥಾನ್ ಭಾಷೆಯ ಒಳಗೇ ನಮ್ಮ ನಾಲ್ಕು ಪದ ಸೇರಿಸಿ ಕೊಡೋಣ, ನಾವು ಮರೆತದ್ದಕ್ಕೆ ಪೈಥಾನ್ ಇದ್ದೇ ಇರುತ್ತದೆ ಎಂದ. ಅದು ಬಾಡಿಗೆ ಮನೆಯಿದ್ದ ಹಾಗೆ. ನೀರು, ಕರೆಂಟು ಮೊದಲೇ ಇರುತ್ತವೆ. ಧರಣಿಗೆ ಸ್ವಂತ ಮನೆಯೇ ಆಗಬೇಕು. ಸ್ವಂತ ವ್ಯಾಕರಣ, ಸ್ವಂತ ಪದ, ಒಂದೊಂದೇ ಸಾಲು ಓದಿ ಹೇಳಿದ್ದನ್ನು ಮಾಡಿ ಮುಗಿಸುವ ಸ್ವಂತ ಪ್ರೋಗ್ರಾಮ್. ಅಂಥ ಮನೆಯಲ್ಲಿ ನೀವು ಕಿಟಕಿ ಇಡದಿದ್ದರೆ ಕಿಟಕಿ ಇಲ್ಲ, ಅಷ್ಟೆ.

ಅವಳು ಇಡದೆ ಬಿಟ್ಟ ಕಿಟಕಿ ‘ಬದಲಿ’ ಎಂಬ ಪದ. ಈ ಹೆಂಗಸರಲ್ಲಿ ಹಿಂದಿನಿಂದ ಬಂದ ರೂಢಿ ಅದು. ಒಬ್ಬಳಿಗೆ ಹುಷಾರಿಲ್ಲದಿದ್ದರೆ ಅವಳ ಯೂನಿಫಾರ್ಮ್ ಸೀರೆ ಉಟ್ಟು ತಂಗಿಯೋ ಸೊಸೆಯೋ ಹೋಗುತ್ತಾಳೆ, ಅವಳ ಹೆಸರಿಗೇ ಓಗೊಡುತ್ತಾಳೆ, ಹಾಜರಿ ತಪ್ಪುವುದಿಲ್ಲ. ಮಿಷನ್ ಒಪ್ಪದ ಮುಖವನ್ನು ಸೂಪರ್‌ವೈಸರ್ ನಂಜುಂಡಸ್ವಾಮಿ ಕಂಡೂ ಕಾಣದಂತೆ ಬಟನ್ ಒತ್ತಿ ಒಳಗೆ ಬಿಡುತ್ತಿದ್ದ. ಹೊಸ ಭಾಷೆ ಬಂದಾಗ ಆ ಬಟನ್ನೂ ಹೋಯಿತು.

ಧರಣಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪಿಯುಸಿ ಓದುವಾಗ ದೊಡ್ಡಮ್ಮನ ನೀಲಿ ಸೀರೆ ಉಟ್ಟು ಅವಳೇ ಎಷ್ಟೋ ಸಲ ಬದಲಿ ಹೋಗಿದ್ದಳು. ಒಂದು ದಿನ ನರ್ಸಮ್ಮ, ಏ ಮಾದೇವಮ್ಮ, ಈ ವಾಂತಿ ಬಳಿ ಎಂದು ಕೂಗಿದಾಗ ಧರಣಿಯ ಕಾಲೇಜಿನ ಹುಡುಗಿಯೊಬ್ಬಳು ಅಲ್ಲೇ ನಿಂತು ನೋಡಿದ್ದಳು. ಆ ಪದ ಸೇರಿಸಿದರೆ ವ್ಯಾಕರಣ ಗೋಜಲಾಗುತ್ತದೆ ಎಂದು ಧರಣಿ ನಿಶಾಂತನಿಗೆ ಹೇಳಿದ್ದು ಬರೀ ಸುಳ್ಳು. ಅವಳಿಗೆ ಆ ಪದವೇ ಬೇಡವಾಗಿತ್ತು.

ಚೆಲುವರಾಜುವಿಗೆ ಮಕ್ಕಳಿಗೆ ಆಟಿಕೆ ಸಿಕ್ಕಿದಷ್ಟು ಖುಷಿ. ಮೊದಲ ದಿನವೇ ಕೈಯಾರೆ ಟೈಪ್ ಮಾಡಿದ: ‘ಸತತ ಮೂರು ದಿನ ಬರದವರನ್ನು ತೆಗೆ.’ ಭಾಷೆ ತೆಗೆಯಿತು. ತೆಗೆಸಿಕೊಂಡ ಹೆಂಗಸರು ಗೇಟಿನಲ್ಲಿ ಅಳುತ್ತಿದ್ದಾಗ ಧರಣಿ ಕಚೇರಿಯ ಕಿಟಕಿ ಹಾಕಿಕೊಂಡಳು. ಮಾದೇವಮ್ಮ ಮಾತ್ರ, ಇದೆಲ್ಲ ನಮ್ಮ ಧರಣಿ ಮಾಡಿರೋದು ಎಂದು ವ್ಯಾನಿನ ತುಂಬ ಡಂಗುರ ಸಾರುತ್ತಿದ್ದಳು.

ಆಮೇಲೆ ಮಾದೇವಮ್ಮನಿಗೇ ಡೆಂಗ್ಯೂ ಬಂತು. ಧರಣಿ ಆಗ ಹಾಸನದ ಇನ್ನೊಂದು ಏಜೆನ್ಸಿಗೆ ಭಾಷೆ ತೋರಿಸಲು ಹೋಗಿದ್ದಳು. ಮಗಳಿಗೆ ಗಾಬರಿ ಬೇಡವೆಂದು ಫೋನಿನಲ್ಲಿ ಜ್ವರದ ಮಾತೇ ಎತ್ತದೆ, ಮಾದೇವಮ್ಮ ವಾರಗಿತ್ತಿಯ ಮಗಳು ಕೀರ್ತಿಯನ್ನು ಬದಲಿ ಕಳಿಸಿದಳು. ಮೂರು ದಿನವೂ ಗೇಟು ತೆರೆಯಲಿಲ್ಲ. ಧರಣಿ ವಾಪಸು ಬರುವಷ್ಟರಲ್ಲಿ ದೊಡ್ಡಮ್ಮನ ಕೆಲಸ ಹೋಗಿತ್ತು.

ಅವಳು ಚೆಲುವರಾಜುವಿನ ಕೋಣೆಗೆ ಓಡಿದಳು. ದೊಡ್ಡಮ್ಮ ಬದಲಿ ಕಳಿಸಿದ್ದಾರೆ, ಅವರದೇನೂ ತಪ್ಪಿಲ್ಲ ಎಂದು ಬೇಡಿಕೊಂಡಳು. ಅವನು ನಗುತ್ತಲೇ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ.

“ಎಲ್ಲಿ ಬರೀಲಿ ಹೇಳಮ್ಮ. ನೀನು ಮಾಡ್ಕೊಟ್ಟಿರೋ ಭಾಷೇಲಿ ಆ ಪದಾನೇ ಇಲ್ವಲ್ಲ.”

ಒಂದು ದಿನ ಕೊಡಿ, ಸೇರಿಸುತ್ತೇನೆ ಎಂದಳು.

“ಬ್ಯಾಡ ಬುಡು. ಮೊದ್ಲು ಅತ್ಕೊಂಡು ಬಂದೋರಿಗೆಲ್ಲ ನಾನೇ ಇಲ್ಲ ಅನ್ಬೇಕಿತ್ತು, ನಿದ್ದೆ ಬರ್ತಿರ್ಲಿಲ್ಲ. ಈಗ ನಿನ್ ಭಾಷೆ ಅನ್ನುತ್ತೆ, ನಾನು ಚೆನ್ನಾಗ್ ಮಲಗ್ತೀನಿ ಕಣಮ್ಮ.”

ಹಾಸನದವರು ಭಾಷೆ ಕೊಂಡುಕೊಳ್ಳಲು ಒಪ್ಪಿದ್ದಾರೆ, ಇನ್ನು ಮೇಲೆ ಅದರ ಉಸ್ತುವಾರಿ ನಿನ್ನದೇ, ಬೇರೆ ಕೋಣೆ ಕೊಡುತ್ತೇನೆ ಎಂದೂ ಹೇಳಿದ.

ಕದ್ದು ಸೇರಿಸಿಬಿಡು, ಒಂದು ಸಂಜೆಯ ಕೆಲಸ ಎಂದ ನಿಶಾಂತ್. ನಿಜವೇ. ಆದರೆ ಸಿಕ್ಕಿಬಿದ್ದರೆ ಕೋಣೆ ಹೋಗುತ್ತಿತ್ತು, ಕುರ್ಚಿ ಹೋಗುತ್ತಿತ್ತು. ಧರಣಿ ಸೇರಿಸಲಿಲ್ಲ. ಥೂ, ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇನ್ನೇನು?

ಮನೆಯಲ್ಲಿ ದೊಡ್ಡಮ್ಮ ಚಾಪೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಳು. ಮಗಳ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ.

“ಬದಲಿ ಅನ್ನೋದ ನೀನು ಸೇರ್ಸೇ ಇರ್ತೀಯ, ನೀನೇ ಓಗಿದ್ದೋಳಲ್ವೇನವ್ವ? ಮಿಷಿನ್ನೇ ಕೆಟ್ಟೋಗಿರ್ಬೇಕು.”

ಧರಣಿ ಬಾಯಿ ತೆರೆದಳು. ನಿಜ ಹೇಳಿಬಿಡಬೇಕೆಂದೇ ಇದ್ದಳು. ಹೂಂ ದೊಡ್ಡಮ್ಮ, ಮಿಷನ್ ಕೆಟ್ಟಿದೆ, ರಿಪೇರಿಗೆ ಹೇಳಿದ್ದೀನಿ ಎಂದಳು.

ಮೈಯಲ್ಲಿ ಕಸುವು ಬಂದ ಮೇಲೆ ಮಾದೇವಮ್ಮ ನೀಲಿ ಸೀರೆ ಒಗೆದು ಇಸ್ತ್ರಿ ಮಾಡಿಸಿ ಉಟ್ಟು ಗೇಟಿಗೆ ಬಂದಳು. ಮಿಷನ್ನಿಗೆ ಮುಖ ತೋರಿಸಿದಳು. ಕೆಂಪು ದೀಪ ಹತ್ತಿತು. ಮಾರನೆಯ ದಿನವೂ ಬಂದಳು. ಈಗಲೂ ದಿನಾ ಬರುತ್ತಾಳೆ. ವ್ಯಾನಿನ ಹೆಂಗಸರು ಅವಳೊಡನೆ ಮಾತು ಬಿಟ್ಟಿದ್ದಾರೆ. ಭಾಷೆ ಮಾಡಿದ್ದು ಯಾರೆಂದು ಅವರಿಗೆ ಸಾರಿದವಳು ಅವಳೇ ತಾನೆ?

ಒಳಗೆ ಹೋಗಲು ಧರಣಿಗೂ ಅದೊಂದೇ ಗೇಟು. ಅವಳು ತಲೆ ತಗ್ಗಿಸಿಕೊಂಡು ಬರುತ್ತಾಳೆ, ಮಿಷನ್ನಿಗಾಗಿ ತಲೆ ಎತ್ತುತ್ತಾಳೆ. ಹಸಿರು ದೀಪ ಹತ್ತಿ ಗೇಟು ತೆರೆಯುತ್ತದೆ. ಮಾದೇವಮ್ಮ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ.

“ನಿಂದು ಸರಿಯಾಗೈತೆ ನೋಡವ್ವ,” ಎನ್ನುತ್ತಾಳೆ. “ನಂದೂ ಆಯ್ತದೆ ಬುಡು.”