ಹುಮನಾಬಾದ ತನಕ ತಡೆಯುವ ಪೈಪು

ನಮ್ಮ ಮನೆಯ ಕಾರಿನ ಬಗ್ಗೆ ಬರೆಯಲು ಕೂತಾಗ ನನಗೆ ಮೊದಲು ನೆನಪಾಗುವುದು ಅದರ ಬಣ್ಣವಲ್ಲ, ಅದು ನಿಂತ ಜಾಗದಲ್ಲಿ ನೆಲ ಒದ್ದೆಯಾಗಿರುತ್ತಿದ್ದುದು. ಬಣ್ಣ ಬಿಳಿ ಎಂದು ನಾನು, ಕೆನೆಯ ಬಣ್ಣ ಎಂದು ಅವ್ವ. ಒಂದು ಫೋಟೋ ಇದೆ, ಅದು ಕಪ್ಪುಬಿಳುಪಿನದು. ಒದ್ದೆ ನೆಲದ ಬಗ್ಗೆ ಮಾತ್ರ ಮನೆಯಲ್ಲಿ ಯಾರ ತಕರಾರೂ ಇಲ್ಲ.

ಕಾರು ಕೊಂಡವರು ಮುತ್ಯಾ, ಅಪ್ಪನ ಅಪ್ಪ. ಬಸವಕಲ್ಯಾಣದಲ್ಲೊಂದು, ಹುಮನಾಬಾದಿನಲ್ಲೊಂದು ಅಡತಿ ಅಂಗಡಿ ಇಟ್ಟುಕೊಂಡು ತೊಗರಿ, ಉದ್ದಿನ ವ್ಯಾಪಾರ ಮಾಡುತ್ತಿದ್ದರು. ಎರಡರ ನಡುವೆ ಓಡಾಡಲು ಈ ಕಾರು. ತೊಂಬತ್ತರ ದಶಕದ ಆರಂಭದಲ್ಲಿ ಅವರು ತೀರಿಕೊಂಡ ಮೇಲೆ ಇಬ್ಬರು ಮಕ್ಕಳೂ ಬೇರೆಯಾದರು. ಹುಮನಾಬಾದಿನ ಅಂಗಡಿ ದೊಡ್ಡಪ್ಪನಿಗೆ, ಬಸವಕಲ್ಯಾಣದ್ದು ಅಪ್ಪನಿಗೆ. ಜಗಳ ಯಾವುದರಿಂದ ಹುಟ್ಟಿತೆಂಬುದನ್ನು ನಾನು ಬೇರೆ ಬೇರೆಯವರಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಒಬ್ಬರು ಹಿತ್ತಾಳೆ ಹಂಡೆ ಅನ್ನುತ್ತಾರೆ, ಇನ್ನೊಬ್ಬರು ತಿಥಿಯ ಊಟದ ಪಂಕ್ತಿಯಲ್ಲಿ ಬಂದ ಒಂದು ಮಾತು ಅನ್ನುತ್ತಾರೆ. ಅಷ್ಟು ವರ್ಷ ಮಾತು ಬಿಡಲು ಇವುಗಳಲ್ಲಿ ಯಾವುದೂ ಸಾಲದು ಎಂದು ನನಗೆ ಅನ್ನಿಸುತ್ತದೆ. ಆದರೆ ಅಳೆಯಲು ನಾನು ಯಾರು?

ಕಾರನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ಹಿಸ್ಸೆ ಮಾಡಲು ಕೂತ ಹಿರಿಯರು, ಕೂಡುಬಾವಿಯ ನೀರಿಗೆ ಪಾಳಿ ಹಚ್ಚುವ ಹಾಗೆ, ಕಾರಿಗೂ ಪಾಳಿ ಹಚ್ಚಿದರು. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆವರೆಗೆ ಒಬ್ಬರ ಮನೆ, ಆಮೇಲೆ ಇನ್ನೊಬ್ಬರ ಮನೆ. ಮುತ್ಯಾನ ಹೆಂಡತಿ, ನಮ್ಮ ಆಯಿ, ಯಾರ ಮನೆಯಲ್ಲಿ ಇರಬೇಕೆಂದು ಆ ಹಿರಿಯರು ಹೇಳಿರಲಿಲ್ಲ. ಅದನ್ನು ಆಯಿಯೇ ಹೇಳಿದಳು.

"ಗಾಡಿ ಎಲ್ಲಿರ್ತದೋ ಅಲ್ಲಿ ನಾ ಇರ್ತೀನಿ. ನನಗೂ ಅದರ ಸಂಗಾಟನ ಪಾಳಿ ಹಚ್ರಿ."

ಹೀಗೆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಕಾರು ಊರು ಬದಲಿಸುತ್ತಿತ್ತು, ಹಿಂದಿನ ಸೀಟಿನಲ್ಲಿ ಆಯಿಯೂ. ಅಣ್ಣತಮ್ಮಂದಿರು ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯುತ್ತಿರಲಿಲ್ಲವಾದ್ದರಿಂದ ಗಾಡಿ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಗುಲ್ಬರ್ಗಾದಲ್ಲಿ ಎಂ.ಎ. ಮುಗಿಸಿ ಬಂದು ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ.

ರೇಡಿಯೇಟರಿಗೂ ಇಂಜಿನಿಗೂ ನಡುವೆ ನೀರು ಒಯ್ಯುವ ರಬ್ಬರ್ ಪೈಪುಗಳು ಎರಡು, ಮೇಲೊಂದು, ಕೆಳಗೊಂದು. ಎರಡೂ ಮುತ್ಯಾನ ಕಾಲದವು. ಸೋರಲು ಶುರುವಾದಾಗ ಅಪ್ಪ ಗಾಡಿ ರಿಪೇರಿಯ ಮಿಸ್ತ್ರಿಯನ್ನು ಮನೆಗೇ ಕರೆಸಿದ. ಅವನು ಬಾನೆಟ್ ಎತ್ತಿ, ಪೈಪನ್ನು ಹೆಬ್ಬೆಟ್ಟಿನಿಂದ ಒತ್ತಿದ.

"ಮ್ಯಾಲಿಂದು ಪೂರಾ ಹೋಗ್ಯಾದ್ರಿ ಸಾವ್ಕಾರ್ರ. ತೆಳಗಿಂದೂ ಮೆತ್ತಗಾಗ್ಯಾದ. ಎರಡೂ ಬದಲ್ ಮಾಡ್ರಿ."

"ಹುಮನಾಬಾದ ತನಕ ತಡೀತದೋ ಇಲ್ಲೋ, ಅಷ್ಟ ಹೇಳು."

"ಹುಮನಾಬಾದ ತನಕ ತಡೀತದ್ರಿ."

"ಹಂಗಾದ್ರ ಕಟ್ಟು."

ಅವನು ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಸುತ್ತಿದ, ಮೇಲೆ ತಂತಿ ಬಿಗಿದ. ಹುಮನಾಬಾದಿನಲ್ಲಿ ದೊಡ್ಡಪ್ಪನ ಮಿಸ್ತ್ರಿ ಅದನ್ನು ನೋಡಿ ನಕ್ಕ. "ಕಲ್ಯಾಣದ ಉಸ್ತಾದ ಮುರಿದ ಕೈಗಿ ಕಟ್ಟಿದಂಗ ಕಟ್ಟಿ ಕಳಿಸ್ಯಾನ." ಆದರೆ ದೊಡ್ಡಪ್ಪನೂ ಕೇಳಿದ್ದು ಅದನ್ನೇ: ಮುಂದಿನ ಅಮಾವಾಸ್ಯೆ ತನಕ ನಡೆಯುತ್ತದೋ ಇಲ್ಲವೋ. ಹೊಸ ಪೈಪು ಹಾಕಿಸಿದರೆ ಅದರ ಸುಖ ಇನ್ನೊಬ್ಬನಿಗೆ. ಹಾಗಾಗಿ ಇಬ್ಬರೂ ಕಟ್ಟಿಸಿದರು, ಬಿಚ್ಚಿಸಿದರು, ಮತ್ತೆ ಕಟ್ಟಿಸಿದರು. ಹೀಗೆ ವರ್ಷಗಳು ಹೋದವು.

ಒಮ್ಮೆ ಹುಮನಾಬಾದಿನಿಂದ ಬಂದ ಗಾಡಿಯ ಬಾನೆಟ್ ಎತ್ತಿದ ನಮ್ಮ ಮಿಸ್ತ್ರಿ ಒಂದು ಬಿಳಿ ದಾರ ಎಳೆದು ತೋರಿಸಿದ. "ಇದು ಪಾಯಜಾಮದ ನಾಡಾ ಅದ ನೋಡ್ರಿ. ನಿಮ್ಮ ದೊಡ್ಡಪ್ಪ ಈಗ ಏನ್ ಕಟ್ಕೊಂಡು ತಿರಗಾಕತ್ತಾರೋ."

ಅಪ್ಪ ಜೋರಾಗಿ ನಕ್ಕ. ನಗು ನಿಂತ ಮೇಲೆ, "ಖರೇನ ಅಣ್ಣಂದೇನದು?" ಎಂದು ಕೇಳಿದ. 'ಅಣ್ಣ' ಎಂಬ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಅಥವಾ 'ಅವಂದೇನದು' ಅಂದಿದ್ದನೋ ಏನೋ. ನನಗೆ ಬೇಕಾದದ್ದನ್ನು ನಾನು ಕೇಳಿಸಿಕೊಂಡಿರಬಹುದು.

ಹಾದಿಯಲ್ಲಿ ರಾಜೇಶ್ವರದ ಹತ್ತಿರ ನಿಲ್ಲಿಸಿ, ಇಂಜಿನ್ ತಣ್ಣಗಾಗುವವರೆಗೆ ಕಾದು, ಡಬ್ಬಿಯಿಂದ ನೀರು ತುಂಬುತ್ತಿದ್ದೆ. ಆಯಿ ಬಾಗಿಲು ತೆಗೆದುಕೊಂಡು ಕೂತಿರುತ್ತಿದ್ದಳು.

"ನನ್ನಂಗ ಮುದುಕಿ ಆಗ್ಯಾದ ಬಿಡು. ಒಂದೂರು ದಾಟೂತನಕ ತಡ್ಕೊಳ್ಳಾಕ ಆಗೂದಿಲ್ಲ."

ಆಯಿಗೆ ಇದ್ದದ್ದು ಒಂದೇ ಆಸೆ: ಕೊಹಿನೂರಿಗೆ ಹೋಗಬೇಕು. ಕೊಹಿನೂರ ಆಕೆಯ ತವರು. ಅಲ್ಲಿ ಆಕೆಯ ತಮ್ಮ ಹಾಸಿಗೆ ಹಿಡಿದಿದ್ದ. ಬಸ್ಸಿನಲ್ಲಿ ನಾನೇ ಕರೆದೊಯ್ಯುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. ಮಕ್ಕಳು ಬೇರೆಯಾದದ್ದನ್ನು ಆಕೆ ತವರಿಗೆ ಹೇಳಿರಲಿಲ್ಲ.

"ಒಬ್ಬನ ಕರ್ಕೊಂಡು ಹ್ವಾದ್ರ ಇನ್ನೊಬ್ಬ ಎಲ್ಲಿ ಅಂತಾರ. ನಿನ್ನ ಕರ್ಕೊಂಡು ಹ್ವಾದ್ರ ಇಬ್ರೂ ಎಲ್ಲಿ ಅಂತಾರ. ನಿಮ್ಮ ಮುತ್ಯಾ ಇದ್ದಾಗ ಇಬ್ರನೂ ಮುಂದಿನ ಸೀಟಿನ್ಯಾಗ ಕುಂಡ್ರಿಸ್ಕೊಂಡು ಹೋಗ್ತಿದ್ದ. ಊರ ಮಂದಿ ನೋಡ್ಯಾರ. ಹಂಗ ಹೋಗ್ಬೇಕು."

ಆಯಿ ನಮ್ಮಲ್ಲಿದ್ದ ತಿಂಗಳುಗಳಲ್ಲಿ ಆ ತಮ್ಮನ ಮಗ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು, "ಅತ್ತಿ, ಯಾವಾಗ ಬರ್ತೀರಿ?" ಎಂದು ಕೇಳುತ್ತಿದ್ದ. ಆಯಿಯ ಉತ್ತರ ಸಿದ್ಧವಿರುತ್ತಿತ್ತು. "ಕಾರಿನ ಪೈಪ ಸೋರತದಪ್ಪ. ಅಷ್ಟು ದೂರ ಬರಂಗಿಲ್ಲ ಅದು. ದುರಸ್ತಿ ಆದಕೂಡ್ಲೆ ಮೂರೂ ಮಂದಿ ಬರ್ತೀವಿ." ಬೇಕಾದರೆ ನೋಡಿಕೋ ಎಂಬಂತೆ ಕಾರಿನ ಕೆಳಗಿನ ಒದ್ದೆ ನೆಲದ ಕಡೆ ಕೈ ಮಾಡುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಆಯಿಯ ತಮ್ಮನಿಗೆ ಕಾಯಿಲೆ ಬಹಳ ಜೋರಾಗಿದೆ ಎಂಬ ಸುದ್ದಿ ಬಂದಾಗ, ನಾನು ಪೈಪುಗಳನ್ನು ತರಿಸಿದೆ. ಅಷ್ಟು ಹಳೆಯ ಗಾಡಿಯ ಸಾಮಾನು ಹುಮನಾಬಾದಿನಲ್ಲೂ ಸಿಗಲಿಲ್ಲ. ಲಾರಿಯವನಿಗೆ ಹೇಳಿ ಹೈದರಾಬಾದಿನಿಂದ ಬಂತು. ಮಿಸ್ತ್ರಿ ಹಳೆಯದನ್ನು ಚಾಕುವಿನಿಂದ ಕೊಯ್ದು ತೆಗೆದ. ಒಳಗೆ ಅದು ಹಂಚಿನ ಚೂರಿನಂತೆ ಉದುರುತ್ತಿತ್ತು. ಹೊಸದಕ್ಕೆ ಸಾಬೂನಿನ ನೀರು ಸವರಿ ಕೂರಿಸಿ, ಕ್ಲಿಪ್ ಬಿಗಿದು, ಬರೀ ನೀರಿನ ಬದಲು ಹಸಿರು ಬಣ್ಣದ ಕೂಲಂಟ್ ಹಾಕಿದ. ಕೆಳಗೆ ಹಳೆಯ ಪೇಪರ್ ಹಾಸಿ ಬಹಳ ಹೊತ್ತು ಇಂಜಿನ್ ಓಡಿಸಿದ. ಪೇಪರ್ ಒಣಗಿಯೇ ಇತ್ತು.

ಅಪ್ಪ ಅಂಗಡಿಯಿಂದ ಬಂದು ನೋಡಿದ. "ಪಾಳಿ ಮುಗೀಲಿಕ್ಕ ಬಂದದ, ಈಗ ಹೊಸಾದು ಹಾಕ್ಸಿದಿ. ಯಾರ ಸಲುವಾಗಿ?"

"ಆಯಿ ಸಲುವಾಗಿ. ಕೊಹಿನೂರಿಗೆ ಹೋಗಾಕ."

ಅಪ್ಪ ಬಾಗಿ ಕಾರಿನ ಕೆಳಗಿನ ಪೇಪರ್ ಎಳೆದು ಮಡಚಿದ. "ಅವ ಬಂದ್ರ ನಾ ಏನ್ ಒಲ್ಲೆ ಅನ್ನಂಗಿಲ್ಲ."

ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವನೂ ಹೆಚ್ಚುಕಡಿಮೆ ಅದೇ ಮಾತು ಹೇಳಿದ. ಅವನು ಬಸ್ಸಿನಲ್ಲಿ ಹೆದ್ದಾರಿಯ ಸಸ್ತಾಪುರ ಬಂಗ್ಲಾ ಎಂಬ ನಿಲುಗಡೆಯವರೆಗೆ ಬರುವುದು, ನಾವು ಕಾರಿನಲ್ಲಿ ಹೋಗಿ ಅಲ್ಲಿಂದ ಕೂರಿಸಿಕೊಳ್ಳುವುದು ಎಂದಾಯಿತು. ಹಿಂದಿನ ದಿನ ಆಯಿ ಹೋಳಿಗೆ ಮಾಡಿಸಿದಳು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಆಕೆ ಇಳಕಲ್ ಸೀರೆ ಉಟ್ಟು, ಹೋಳಿಗೆ ಗಂಟು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಅಪ್ಪ ಒಗೆದ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನಿಂತ.

"ಅವ ಹೊಂಟಾನೇನು ಕೇಳು ಮದಲ."

ಫೋನ್ ಎತ್ತಿದವಳು ದೊಡ್ಡವ್ವ. "ಹೊಸ ಅಂಗಿ ಹಾಕ್ಕೊಂಡು ಕುಂತಾರಪ್ಪ. ನಿಮ್ಮಪ್ಪ ಗಾಡ್ಯಾಗ ಕುಂತಾನೇನು ಅಂತ ಕೇಳಾಕತ್ತಾರ."

ಅಪ್ಪನಿಗೆ ಹೇಳಿದೆ.

"ನಾ ಕುಂತು ಹೋಗಿ, ಅವ ಬರದಿದ್ರ? ಬಂಗ್ಲಾದಾಗ ಅವನ ಹಾದಿ ಕಾಯ್ಕೋತ ಮಂದಿ ಮುಂದ ನಿಂದ್ರಬೇಕೇನು? ಮದಲ ಬಸ್ ಹತ್ತಲಿ ಅನ್ನು."

ಮತ್ತೆ ಫೋನ್. ಆ ಕಡೆ ದೊಡ್ಡಪ್ಪನ ಧ್ವನಿ ದೂರದಿಂದ ಕೇಳಿತು, ದೊಡ್ಡವ್ವ ಅದನ್ನೇ ನನಗೆ ಒಪ್ಪಿಸಿದಳು. "ಮದಲ ಅವ ಕೂಡ್ಲಿ ಅಂತಾರ. ಹಿರ್ಯಾವ ನಾ, ನಾ ಮದಲ ಎದ್ದು ಹೋಗಬೇಕೇನು ಅಂತಾರ." ಆಕೆ ದನಿ ತಗ್ಗಿಸಿ, "ಮುಂಜಾನಿಂದ ಚಾ ಸೈತ ಕುಡಿದಿಲ್ಲಪ್ಪ ಇವರು" ಎಂದಳು.

ಆ ಬೆಳಿಗ್ಗೆ ನಾನು ಫೋನಿಗೂ ಬಾಗಿಲಿಗೂ ಎಷ್ಟು ಸಲ ಓಡಾಡಿದೆನೋ. ಇಬ್ಬರಿಗೂ ಒಂದೊಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತೇನೋ ಎಂದು ಆಮೇಲೆ ಅನ್ನಿಸಿದೆ. ಆಗಲೇ ಹೊಳೆದಿತ್ತೇ? ಗೊತ್ತಿಲ್ಲ. ನೆನಪಿನಲ್ಲಿ ಮನುಷ್ಯ ಇದ್ದದ್ದಕ್ಕಿಂತ ಜಾಣನಾಗಿರುತ್ತಾನೆ. ಸುಳ್ಳು ಹೇಳಿ ಇಬ್ಬರನ್ನೂ ಕೂಡಿಸಿದ್ದರೂ ಕೊಹಿನೂರ ಮುಟ್ಟುವವರೆಗೆ ಅವರು ಏನು ಮಾತಾಡುತ್ತಿದ್ದರು?

ಕಾರಿನ ಮೇಲೆ ಬಿಸಿಲು ಬಂತು. ಆಯಿ ಹೋಳಿಗೆ ಗಂಟನ್ನು ನೆರಳಿನ ಬದಿಗೆ ಸರಿಸಿಟ್ಟುಕೊಂಡಳು. ಅಪ್ಪ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, ಕಾರಿನ ಆಚೆ ಬದಿಯಿಂದ ಹಾದು ಅಂಗಡಿಗೆ ಹೋದ. ಅವನು ತಿರುವು ದಾಟುವವರೆಗೆ ನೋಡಿ ಆಯಿ ಇಳಿದಳು. ಇಳಿದವಳು ಬಾಗಿ ಕಾರಿನ ಕೆಳಗೆ ನೋಡಿದಳು.

"ಮಿಸ್ತ್ರಿ ಛಲೋ ಮಾಡ್ಯಾನ. ಒಂದ ಹನಿ ಬಿದ್ದಿಲ್ಲ."

ಹೋಳಿಗೆಯನ್ನು ಓಣಿಯವರಿಗೆ ಹಂಚಲು ಅವ್ವನ ಕೈಗೆ ಕೊಟ್ಟಳು.

ಪಾಳಿ ಬದಲಾಗುವ ಮುಂಚಿನ ಸಂತೆಗೆ ಕೊಹಿನೂರಿನ ಆ ತಮ್ಮನ ಮಗ ಬಂದ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾ, "ಅಪ್ಪ ಬಾಳ ನೆನಸಾಕತ್ತಾನ್ರಿ ಅತ್ತಿ. ಈಗೀಗ ಮಾತೂ ಕಡಿಮಿ ಆಗ್ಯಾವ" ಎಂದ.

"ಬರ್ತಿದ್ನೆಪ್ಪ," ಆಯಿ ಹೇಳಿದಳು. "ಆ ಪೈಪ ಇನ್ನಾ ಸೋರಾಕತ್ತದ."

ಕಾರು ಅವನ ಎದುರಿಗೇ ನಿಂತಿತ್ತು. ಅವನು ಅದರ ಕಡೆ ನೋಡಿ, ಕೈಯಲ್ಲಿದ್ದ ಚಹಾದ ಬಸಿಯ ಕಡೆ ನೋಡಿ, "ಹೌದ್ರಿ ಅತ್ತಿ. ಹಳೇ ಗಾಡಿ. ಏನ್ ಮಾಡ್ತೀರಿ" ಎಂದ.

ಆ ಮಾತು ನಡೆಯುವಾಗ ಕಾರಿನ ಕೆಳಗೆ ನೆಲ ಒದ್ದೆಯಾಗಿತ್ತು ಎಂದು ನನ್ನ ನೆನಪು ಹೇಳುತ್ತದೆ. ಬರೀ ನೀರು, ಬಣ್ಣವಿಲ್ಲದ್ದು. ಅದು ಸಾಧ್ಯವಿಲ್ಲ. ಆಗ ಗಾಡಿಯಲ್ಲಿದ್ದದ್ದು ಹಸಿರು ಕೂಲಂಟ್, ಪೈಪುಗಳು ಹೊಸವು. ಇಷ್ಟು ಗೊತ್ತಿದ್ದೂ ಕಣ್ಣು ಮುಚ್ಚಿದರೆ ಆ ಒದ್ದೆಯೇ ಕಾಣುತ್ತದೆ. ಆಯಿ ಹೇಳಿದ್ದನ್ನು ನಿಜ ಮಾಡಲು ನಾನೇ ಆಮೇಲೆ ಅಲ್ಲಿ ನೀರು ಚೆಲ್ಲಿದ್ದೇನೆ ಅನ್ನಿಸುತ್ತದೆ.

ಮಳೆಗಾಲ ಮುಗಿಯುವ ಮುಂಚೆ ಆಯಿಯ ತಮ್ಮ ತೀರಿಕೊಂಡ. ಕಾರು ಆಗ ದೊಡ್ಡಪ್ಪನ ಪಾಳಿಯಲ್ಲಿತ್ತು. ಸುದ್ದಿ ಹುಮನಾಬಾದಿಗೂ ಹೋಯಿತು, ನಮ್ಮಲ್ಲಿಗೂ ಬಂತು, ಅಣ್ಣತಮ್ಮಂದಿರು ಮಾತ್ರ ಹೊರಡಲಿಲ್ಲ. ನಾನು ಹುಮನಾಬಾದಿಗೆ ಹೋಗಿ ಆಯಿಯನ್ನು ಬಸ್ಸಿಗೆ ಹತ್ತಿಸಿಕೊಂಡೆ. ಕೊಹಿನೂರಿನಲ್ಲಿ ಇಳಿದು, ಜನ ಸೇರಿದ್ದ ಅಂಗಳ ದಾಟಿ ಒಳಗೆ ಹೋಗುವವರೆಗೂ ಆಯಿ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಹಾದಿಯಲ್ಲೇ ಏನೋ ಉತ್ತರ ಹೊಂದಿಸಿಕೊಂಡಿದ್ದಳೆಂದು ಕಾಣುತ್ತದೆ, ತುಟಿ ಆಗಾಗ ಅಲುಗುತ್ತಿತ್ತು.

ಮಣ್ಣು ಮುಗಿದು, ಕೈಕಾಲು ತೊಳೆದು, ಸಂಜೆಯ ಬಸ್ಸಿಗೆ ಬಂದು ನಿಂತೆವು. ಮಕ್ಕಳಿಬ್ಬರೂ ಎಲ್ಲಿ ಎಂದು ಅಲ್ಲಿ ಯಾರೂ ಆಕೆಯನ್ನು ಕೇಳಲಿಲ್ಲ.